ಕೋಡಿಗೆ ಬಿಡದ ಬಾಗಿನ

ನನ್ನ ವಾರಗಿತ್ತಿಯ ದನಿ ಚೆನ್ನಾಗಿದೆ. ಇದನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ, ಆಮೇಲೆ ಹೇಳೋಣವೆಂದರೆ ನನಗೆ ಮನಸ್ಸು ಬರುವುದಿಲ್ಲ. ಅವಳು ನನ್ನ ಮೈದುನನ ಹೆಂಡತಿ, ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಬೆಳೆದವಳು. ಕನ್ನಡ, ತೆಲುಗು, ಉರ್ದು ಮೂರೂ ಅವಳ ಬಾಯಲ್ಲಿ ಸಲೀಸು. ನಾನು ಗೌರಿಬಿದನೂರಿನ ಕಡೆಯವಳು. ತೆಲುಗು ನನಗೂ ಬರುತ್ತದೆ. ತವರಿನ ಪಕ್ಕದಲ್ಲೇ ಅಲೀಪುರ ಇದ್ದುದರಿಂದ ಉರ್ದುವಿನಲ್ಲೂ ನಾಲ್ಕು ಮಾತು ಆಡಬಲ್ಲೆ. ಆದರೆ ನಾನು ಬಾಯಿ ತೆರೆದರೆ ಜಗಳಕ್ಕೆ ಬಂದಳು ಅಂದುಕೊಳ್ಳುತ್ತಾರೆ. ಅವಳು ಬೈದರೂ ಜನ ನಗುತ್ತಾ ನಿಂತಿರುತ್ತಾರೆ. ಯಾವ ನ್ಯಾಯವಪ್ಪಾ ಇದು!

ನಮ್ಮದು ನೀರುಗಂಟಿ ಮನೆ. ಊರ ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಯಾವಾಗ ನೀರು ಅಂತ ನೋಡಿಕೊಳ್ಳುವುದು ತಲೆತಲಾಂತರದಿಂದ ಈ ಮನೆಯವರ ಕೆಲಸ. ಕೆರೆ ತುಂಬಿ ಕೋಡಿ ಬಿದ್ದಾಗ ಮೊದಲ ಬಾಗಿನ ಬಿಡಬೇಕಾದವಳು ಈ ಮನೆಯ ಹಿರಿ ಸೊಸೆ. ಅವಳು ಮೊರ ತೇಲಿಬಿಡುವ ತನಕ ಊರಿನವರಾಗಲಿ ಸುತ್ತಲ ಹಳ್ಳಿಯವರಾಗಲಿ ಆ ನೀರಿಗೆ ಕಾಲಿಡುವಂತಿಲ್ಲ. ಬಿಟ್ಟ ಮೇಲೆ ಎಲ್ಲರೂ ಇಳಿಯಬಹುದು. ನನ್ನ ಅತ್ತೆ ಹೊಸ ಸೊಸೆಯಾಗಿದ್ದಾಗ ಬಾಗಿನ ಬಿಟ್ಟಿದ್ದರಂತೆ. ಆ ಕಥೆಯನ್ನು ನಾನು ರಾಗಿ ಬೀಸುವಾಗ ಕೇಳಿದ್ದೇನೆ, ಬಾಣಂತನದಲ್ಲಿ ಕೇಳಿದ್ದೇನೆ, ಜ್ವರ ಬಂದು ಮಲಗಿದ್ದಾಗಲೂ ಕೇಳಿದ್ದೇನೆ. ಯಾವ ಸೀರೆ ಉಟ್ಟಿದ್ದರು, ಯಾರು ಯಾರು ಕಾಲಿಗೆ ಬಿದ್ದರು, ಎಲ್ಲ ನನಗೆ ಬಾಯಿಪಾಠ.

ನಾನು ಈ ಮನೆಗೆ ಬಂದಾಗ ಕೆರೆಯಲ್ಲಿ ಜಾಲಿ ಗಿಡ ಬೆಳೆದಿತ್ತು. ಹಿರಿ ಸೊಸೆ ಅನ್ನುವ ಹೆಸರೊಂದು ಬಿಟ್ಟರೆ ಅದರಿಂದ ನನಗೇನೂ ದಕ್ಕಿರಲಿಲ್ಲ. ಗಂಡ ಪಂಚಾಯಿತಿಯ ನಲ್ಲಿ ನೀರು ಬಿಡುವ ಕೆಲಸಕ್ಕೆ ಸೇರಿದರು. ನಾನು ಮಹಿಳಾ ಸಂಘದಿಂದ ಡ್ರೈವಿಂಗ್ ಕಲಿತು ಪಂಚಾಯಿತಿಯ ಕಸದ ಆಟೊ ಓಡಿಸತೊಡಗಿದೆ. ಆದರೂ ಒಂದು ದಿನ ಕೋಡಿ ಬೀಳುತ್ತದೆ, ಊರೆಲ್ಲ ನೋಡುತ್ತಿರುವಾಗ ನಾನು ಮೊರ ಹಿಡಿದು ನೀರಿಗಿಳಿಯುತ್ತೇನೆ ಅನ್ನುವ ಆಸೆ ಒಳಗೇ ಇತ್ತು. ಆಸೆ ಪಡುವುದಕ್ಕೆ ಯಾರಪ್ಪನ ಅಪ್ಪಣೆ ಬೇಕು?

ಮಳೆ ಬಿಡದೆ ಹಿಡಿದ ಒಂದು ವರ್ಷ ಕೆರೆ ತುಂಬಿಯೇ ತುಂಬಿತು. ಬೆಳಗ್ಗೆ ಗಂಡ ಓಡಿಬಂದು, "ಕೋಡಿ ಬಿತ್ತು ಕಣೇ!" ಅಂದರು. ನಾನು ಒಲೆ ಆರಿಸುವುದನ್ನೂ ಮರೆತು ಓಡಿದೆ. ಅಂದೇ ಚಿಂತಾಮಣಿಗೆ ಹೋಗಿ ಹೊಸ ಮೊರದ ಜೋಡಿ ತಂದು, ಅರಿಶಿನ ಬಳಿದು, ಅಕ್ಕಿ, ಬೇಳೆ, ಬೆಲ್ಲ, ಹಸಿರು ಬಳೆ, ಕರಿಮಣಿ, ಕನ್ನಡಿ, ಬಾಚಣಿಗೆ, ರವಿಕೆ ಕಣ, ತೆಂಗಿನಕಾಯಿ ಎಲ್ಲ ಜೋಡಿಸಿಟ್ಟೆ. ಸೋಮವಾರ ಒಳ್ಳೆಯ ದಿನ ಅಂತ ಅತ್ತೆ ಹೇಳಿದರು. ಆದರೆ ನಡುವೆ ಭಾನುವಾರವೊಂದು ಇತ್ತಲ್ಲ, ಅದೇ ನನ್ನ ಗ್ರಹಚಾರ.

ನಮ್ಮ ಕೆರೆಯ ಕೋಡಿ ಕಟ್ಟೆಯ ಆಚೆ ತುದಿಯಲ್ಲಿ ಒಂದು ದಿಬ್ಬವಿದೆ. ಕೆರೆ ತುಂಬಿದರೆ ಅದು ನಡುಗಡ್ಡೆ. ಮೇಲೆ ಹೊಂಗೆ ಮರಗಳು, ಈಚೆ ದಡದಲ್ಲಿ ಒಂದಿಷ್ಟು ಮರಳು. ಯಾರೋ ಪುಣ್ಯಾತ್ಮ ಅದನ್ನು ಫೋನಿನಲ್ಲಿ ಹಿಡಿದು "ನಮ್ಮೂರ ಬೀಚ್" ಅಂತ ಹೆಸರಿಟ್ಟು ಊರಿಗೆಲ್ಲ ಹಂಚಿದ. ಸಮುದ್ರವೇ ಇಲ್ಲದ ಜಿಲ್ಲೆಯವರಿಗೆ ಬೀಚ್ ಅಂದರೆ ಕೇಳಬೇಕೆ? ಭಾನುವಾರ ಚಿಕ್ಕಬಳ್ಳಾಪುರದಿಂದ ಕಾರುಗಳು, ಶಿಡ್ಲಘಟ್ಟದಿಂದ ಟೆಂಪೊಗಳು ಬಂದವು. ಕೈವಾರಕ್ಕೆ ಹೋಗಿದ್ದವರ ಬಸ್ಸೂ ಹಾಗೇ ಇತ್ತ ತಿರುಗಿತು. ಚುರುಮುರಿಯವರು, ಸುಟ್ಟ ಜೋಳದವರು, ಬಲೂನಿನವರು ಯಾರೂ ಕರೆಯದೆ ಬಂದು ಸಾಲಾಗಿ ಕೂತರು. ಎಲ್ಲರಿಗೂ ನೀರು ಹರಿಯುತ್ತಿರುವ ಕೋಡಿ ಕಟ್ಟೆಯ ಮೇಲೆ ನಡೆದು ದಿಬ್ಬಕ್ಕೆ ಹೋಗಿ ಫೋಟೊ ತೆಗೆಸಿಕೊಳ್ಳಬೇಕು. ಕಟ್ಟೆಯ ಕಲ್ಲುಗಳ ಮೇಲೆ ಪಾಚಿ. ಕೆಳಗೆ ನೀರು ಬಿದ್ದು ಬಿದ್ದು ಕೊರೆದ ಮಡು. ಜಾರಿದರೆ ಅಷ್ಟೇ, ಹೆಣ ಎತ್ತಲು ತೆಪ್ಪದವರನ್ನು ಕರೆಯಬೇಕು.

ಜನರನ್ನು ತಡೆಯುವುದು, ಗಾಡಿ ನಿಲ್ಲಿಸುವುದು, ಕಸ ಎತ್ತುವುದು ಎಲ್ಲವನ್ನೂ ಪಂಚಾಯಿತಿ ನಮ್ಮ ಸಂಘದ ಹೆಂಗಸರ ತಲೆಗೆ ಕಟ್ಟಿತು. ಹಗ್ಗ ಕಟ್ಟಿದೆವು. ಹಗ್ಗದ ಕೆಳಗೆ ನುಸುಳಿದರು. ನಾನು ಅಡ್ಡ ನಿಂತು ಕೂಗಿದೆ. ಒಬ್ಬ ಯಜಮಾನರು, "ಏನಮ್ಮಾ, ಕೆರೆ ನಿಮ್ಮಪ್ಪಂದಾ?" ಅಂದರು. ನಾನು ಅದಕ್ಕೆ ತಕ್ಕ ಉತ್ತರ ಕೊಡುತ್ತಿದ್ದಂತೆ ನನ್ನ ವಾರಗಿತ್ತಿ ನನ್ನ ಕಸದ ಆಟೊ ಹತ್ತಿದಳು. ಬೆಳಗ್ಗೆ ಹೊತ್ತು ಹಸಿ ಕಸ ಒಣ ಕಸ ಅಂತ ಕೂಗುವ ಮೈಕನ್ನು ಕೈಗೆತ್ತಿಕೊಂಡಳು. ನನ್ನ ಆಟೊ, ನನ್ನ ಮೈಕು!

"ಅಣ್ಣಯ್ಯಂದ್ರೇ, ಅಕ್ಕಯ್ಯಂದ್ರೇ, ಸ್ವಲ್ಪ ಕೇಳ್ರಪ್ಪಾ. ನೀರುಗಂಟಿ ಮನೆಯಿಂದ ಇನ್ನೂ ಮೊದಲ್ನೇ ಬಾಗಿನ ಬಿಟ್ಟಿಲ್ಲ. ನಮ್ಮಕ್ಕ ಬಿಡೋವರ್ಗೂ ಗಂಗಮ್ಮನ ಮೈಮೇಲೆ ಯಾರೂ ಕಾಲಿಡ್ಬೇಡಿ." ಆಮೇಲೆ ನೀರಿಗಿಳಿಯಬೇಡಿ ಅನ್ನುವುದನ್ನೇ ತೆಲುಗಿನಲ್ಲಿ, "ನೀಳ್ಳಲ್ಲೋಕಿ ದಿಗವದ್ದಂಡಿ," ಅಂದಳು. ಕಡೆಗೆ ಟೆಂಪೊದ ಕಡೆ ತಿರುಗಿ ಉರ್ದುವಿನಲ್ಲಿ, "ಪಾನೀ ಮೇ ನಕ್ಕೋ ಉತ್ರೋ ಭಾಯ್," ಅಂದಳು.

ಸುತ್ತಲ ಹಳ್ಳಿಯ ಹೆಂಗಸರು ಕೆನ್ನೆ ಕೆನ್ನೆ ಬಡಿದುಕೊಂಡು ಹಿಂದೆ ಸರಿದರು. ತಮ್ಮ ಮಕ್ಕಳನ್ನು ರಟ್ಟೆ ಹಿಡಿದು ಎಳೆದುಕೊಂಡರು. ಊರಿನವರು ಇಳಿಯದಿದ್ದುದನ್ನು ನೋಡಿ ಪೇಟೆಯವರೂ ನಿಂತರು. ಒಬ್ಬ ಹುಂಬ ಮುಂದೆ ಹೋದರೆ ಹತ್ತು ಮುದುಕಿಯರು ಅವನನ್ನು ಬೈದು ಎಳೆತಂದರು. ಸಂಜೆ ತನಕ ಮರಳಿನ ಮೇಲೆಯೇ ಕೂತು, ಜೋಳ ತಿಂದು, ಮನೆಗೆ ಹೋದರು. ಎಲ್ಲರೂ ಜೀವಂತವಾಗಿ ಹೋದರು.

ಸಂಜೆ ಪಿಡಿಒ ಸಾಹೇಬರು ಮನೆಗೇ ಬಂದರು. ಕಾಫಿ ಕುಡಿದು ನನ್ನ ಕಡೆ ತಿರುಗಿ, "ಅಮ್ಮಾ, ನಾಳೆ ಬಾಗಿನ ಬಿಡಬೇಡಿ. ಬಿಟ್ಟರೆ ಈ ಜನಾನ ಹಿಡಿಯೋಕೆ ನಮ್ಮ ಕೈಲಿ ಆಗಲ್ಲ. ಸ್ವಲ್ಪ ಮುಂದಕ್ಕೆ ಹಾಕಿ," ಅಂದರು. ಅತ್ತೆ ಯೋಚಿಸಿ, "ಕೋಡಿ ಹರಿಯೋವರ್ಗೂ ಹೊತ್ತಿದೆ ಬಿಡಪ್ಪಾ," ಅಂದುಬಿಟ್ಟರು. ತಾವು ಬಿಟ್ಟಾಯಿತಲ್ಲ, ಅವರಿಗೇನು!

ಹೀಗೆ ವಾರದ ಮೇಲೆ ವಾರ ಕಳೆಯಿತು. ಪ್ರತಿ ಭಾನುವಾರ ಅವಳು ಕಸದ ಆಟೊ ಮೇಲೆ ನಿಂತು ನನ್ನ ಬಾಗಿನದ ಮಾತು ಆಡುತ್ತಿದ್ದಳು. ಅವಳ ವಿಡಿಯೊ ಊರೂರಿಗೆ ಹೋಯಿತು. "ಮೈಕ್ ಅಕ್ಕ" ಅಂತ ಹೆಸರು ಬಿತ್ತು. ಕಾಲೇಜು ಹುಡುಗಿಯರು ಅವಳ ಜೊತೆ ಸೆಲ್ಫಿ ತೆಗೆದುಕೊಳ್ಳಲು ನಿಂತರೆ ಇವಳು ಸೆರಗು ಸರಿಮಾಡಿಕೊಂಡು ಕತ್ತು ಓರೆ ಮಾಡುವುದೇನು, ಅಬ್ಬಬ್ಬಾ! ಸೋಮವಾರ ಬೆಳಗ್ಗೆ ನಾನು ಅದೇ ಆಟೊ ತೆಗೆದುಕೊಂಡು ಹೋಗಿ ಒಡೆದ ಬಾಟಲಿ, ಎಂಜಲು ತಟ್ಟೆ, ಮಕ್ಕಳ ಡೈಪರ್ ಆರಿಸುತ್ತಿದ್ದೆ. ಕಟ್ಟೆಯ ಪಕ್ಕದ ಕಲ್ಲುಗಳ ಸಂದಿಗೆ ಕೈಹಾಕಿ ಗಾಜು ತೆಗೆಯುವಾಗ ನನ್ನ ಜೊತೆ ಸೆಲ್ಫಿ ತೆಗೆದುಕೊಳ್ಳಲು ಒಂದು ನಾಯಿಯೂ ಬರಲಿಲ್ಲ.

ನನಗೆ ಹೊಟ್ಟೆ ಉರಿಯಿತು. ಸುಮ್ಮನೆ ಸ್ವಲ್ಪ ಉರಿದದ್ದಲ್ಲ, ಉಂಡ ಅನ್ನ ಮೈಗೆ ಹತ್ತದಷ್ಟು ಉರಿಯಿತು. ಮೊರದೊಳಗಿನ ತೆಂಗಿನಕಾಯಿ ಕೆಟ್ಟಿತು, ಬೇರೆ ಕಾಯಿ ಇಟ್ಟೆ. ಬೆಲ್ಲಕ್ಕೆ ಇರುವೆ ಮುತ್ತಿ ಅದನ್ನೂ ಬದಲಿಸಿದೆ. ದೇವರ ಮನೆಯಲ್ಲಿ ದೀಪ ಹಚ್ಚುವಾಗಲೆಲ್ಲ ಆ ಮೊರ ಕಣ್ಣಿಗೆ ಬೀಳುತ್ತಿತ್ತು. ಇದನ್ನು ತಡೆದಿರುವುದು ಜನರ ಜೀವ ಉಳಿಸಲಿಕ್ಕಲ್ಲ, ಇವಳ ಮೆರವಣಿಗೆ ನಡೆಯಲಿಕ್ಕೆ ಅನ್ನಿಸತೊಡಗಿತು. ಗಂಡನಿಗೆ ಹೇಳಿದರೆ, "ಹೋಗ್ಲಿ ಬಿಡೇ, ಚಿಕ್ಕೋಳು," ಅಂದರು. ಚಿಕ್ಕವಳಾದರೆ ಚಿಕ್ಕವಳ ಹಾಗೆ ಇರಬೇಕು.

ಅಷ್ಟರಲ್ಲಿ ಮಳೆ ಹಿಂದೆ ಸರಿದಿತ್ತು. ಕೋಡಿಯ ನೀರು ದಿನದಿನಕ್ಕೆ ತೆಳುವಾಗುತ್ತಿತ್ತು. ನಿಂತ ನೀರಿಗೆ ಬಾಗಿನ ಬಿಡುವ ಪದ್ಧತಿ ನಮ್ಮಲ್ಲಿಲ್ಲ, ಹರಿಯುವಾಗಲೇ ಬಿಡಬೇಕು. ಇನ್ನು ಕಾದರೆ ಈ ಜನ್ಮಕ್ಕೆ ಇಲ್ಲ ಅನ್ನಿಸಿತು. ಒಂದು ಭಾನುವಾರ, ಬೇಕೆಂದೇ ಭಾನುವಾರ, ತಲೆಗೆ ಸ್ನಾನ ಮಾಡಿ, ಧಾರೆ ಸೀರೆ ಉಟ್ಟು, ಮೊರ ಎತ್ತಿಕೊಂಡೆ. ಅತ್ತೆ ಜಗಲಿಯಿಂದ, "ಎಲ್ಲಿಗಮ್ಮಾ?" ಅಂದರು. "ನನ್ನ ಬಾಗಿನ ಬಿಡೋಕೆ ನಾನು ಹೋಗ್ತಿದೀನಿ," ಅಂದು ಮೆಟ್ಟಿಲಿಳಿದೆ.

ದಡದ ತುಂಬ ಜನ. ಅವಳು ಆಟೊ ಮೇಲಿದ್ದಳು. ನನ್ನ ಕೈಯಲ್ಲಿ ಮೊರ ಕಂಡದ್ದೇ ಅವಳ ಮಾತು ಅರ್ಧಕ್ಕೆ ನಿಂತಿತು. ನಿಲ್ಲು ಅನ್ನುತ್ತಾಳೆ, ಮೈಕಿನಲ್ಲಿ ಕಿರುಚುತ್ತಾಳೆ ಅಂದುಕೊಂಡೆ. ಅನ್ನಲಿ, ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಮೈಕನ್ನು ಕೆಳಗಿಳಿಸಿದಳು. ಜನ ದಾರಿ ಬಿಟ್ಟರು. ಮುದುಕಿಯರು ಕೈಮುಗಿದರು. ನಾನು ಹಗ್ಗ ದಾಟಿ ಕಟ್ಟೆಯ ಅಂಚಿಗೆ ಹೋಗಿ ನಿಂತೆ. ಎಷ್ಟು ವರ್ಷ ಕನಸಿನಲ್ಲಿ ಕಂಡದ್ದು, ಹಾಗೇ ಇತ್ತು. ಇನ್ನೂ ಚೆನ್ನಾಗಿತ್ತು.

ಆಗ ಹಿಂದಿನಿಂದ ಚಟಪಟ ಸದ್ದು ಕೇಳಿತು. ಏನೆಂದು ತಿರುಗಿ ನೋಡಿದೆ. ಜನ ಚಪ್ಪಲಿ ಬಿಡುತ್ತಿದ್ದರು. ಗಂಡಸರು ಪ್ಯಾಂಟು ಮಡಿಸುತ್ತಿದ್ದರು. ಒಬ್ಬ ತಾಯಿ ಎಳೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ನಿಂತಿದ್ದಳು. ಎಲ್ಲರ ಕಣ್ಣೂ ನನ್ನ ಮೊರದ ಮೇಲೆ. ನಾನು ಬಿಟ್ಟೊಡನೆ ಇವರೆಲ್ಲ ಒಟ್ಟಿಗೆ ಈ ಕಲ್ಲುಗಳ ಮೇಲೆ ಕಾಲಿಡುತ್ತಾರೆ. ಆ ಕಲ್ಲುಗಳು ಎಂಥವು ಅಂತ ಸೋಮವಾರ ಸೋಮವಾರ ಕೈಯಿಟ್ಟವಳಿಗೆ ಗೊತ್ತಿಲ್ಲವೆ? ಆ ತಾಯಿಯ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮನೆಯಲ್ಲಿ ಬಿದ್ದಿರಲು ಏನಾಗಿತ್ತು ನಿನಗೆ, ಇವತ್ತೇ ಬರಬೇಕಾಗಿತ್ತೆ!

ಒಂದು ಮಾತೂ ಆಡದೆ ಮೊರ ಎದೆಗವಚಿಕೊಂಡು ಹಿಂದಕ್ಕೆ ಬಂದೆ. ಯಾರ ಮುಖವನ್ನೂ ನೋಡಲಿಲ್ಲ, ನೋಡಿದ್ದರೆ ಅತ್ತುಬಿಡುತ್ತಿದ್ದೆ. ಜನ ಗುಸುಗುಸು ಅಂದುಕೊಂಡರು, ಮತ್ತೆ ಚಪ್ಪಲಿ ಹಾಕಿಕೊಂಡರು, ಹಿಂದಕ್ಕೆ ಸರಿದರು. ಅವಳ ಮೈಕು ಆಗಲೂ ಸುಮ್ಮನಿತ್ತು. ಮನೆಗೆ ಹೋಗಿ ಮೊರವನ್ನು ಇದ್ದ ಜಾಗದಲ್ಲೇ ಇಟ್ಟು, ಸೀರೆ ಬದಲಿಸಿ, ಮುಸುರೆ ಪಾತ್ರೆ ಬೆಳಗಲು ಕೂತೆ. ಅವು ಯಾವತ್ತೂ ಅಷ್ಟು ಹೊಳೆದಿರಲಿಲ್ಲ.

ಆ ವಾರದಲ್ಲೇ, ನಾನು ಪಕ್ಕದ ಹಳ್ಳಿಯಲ್ಲಿ ಕಸ ತುಂಬುತ್ತಿದ್ದಾಗ, ಕೋಡಿ ನಿಂತುಹೋಯಿತು. ಮನೆಗೆ ಬಂದಾಗ ಗಂಡ ಹೇಳಿದರು. ಹೋಗಿ ನೋಡಿದೆ. ಕಲ್ಲು ಒದ್ದೆ ಇತ್ತು, ಅಷ್ಟೇ. ಅದಾದ ಮೇಲೆ ಈವರೆಗೆ ಕೋಡಿ ಬಿದ್ದಿಲ್ಲ. ಪಂಚಾಯಿತಿಯವರು ಸಭೆ ಮಾಡಿ ನನ್ನ ವಾರಗಿತ್ತಿಗೆ ಶಾಲು ಹೊದಿಸಿ, ಹಾರ ಹಾಕಿ, ಒಬ್ಬರೂ ಸಾಯದ ಹಾಗೆ ನೋಡಿಕೊಂಡದ್ದಕ್ಕೆ ಹೊಗಳಿದರು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ. ಕೈ ಮಾತ್ರ ತಟ್ಟಿತು.

ಮಾರನೆಯ ದಿನ ಅತ್ತೆ ನನ್ನನ್ನು ಕರೆದರು. "ಕಟ್ಟಿದ ಬಾಗಿನ ಮನೇಲಿ ಉಳೀಬಾರ್ದು ಕಣಮ್ಮಾ. ಗಂಗಮ್ಮ ತಗೊಳ್ಲಿಲ್ಲ ಅಂದ್ರೆ ಮುತ್ತೈದೆಗೆ ಕೊಡ್ಬೇಕು."

"ಮೂಲೆ ಮನೆ ದೊಡ್ಡಮ್ಮಂಗೆ ಕೊಡ್ತೀನಿ," ಅಂದೆ.

"ಮುತ್ತೈದೇನ ಮನೇಲಿಟ್ಕೊಂಡು ಬೀದೀಲಿ ಹುಡುಕ್ತಾರಾ?"

ನನ್ನ ಮೈಯೆಲ್ಲ ಉರಿದುಹೋಯಿತು. ಆದರೆ ಅತ್ತೆಯ ಮಾತು ಮೀರುವ ಹಾಗಿರಲಿಲ್ಲ. ವಾರಗಿತ್ತಿಯನ್ನು ಮಣೆಯ ಮೇಲೆ ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, ಹೂ ಮುಡಿಸಿ, ಕೆರೆಗೆ ಅಂತ ಕಟ್ಟಿದ್ದ ಮೊರವನ್ನು ಅವಳ ಮುಂದೆ ಹಿಡಿದೆ. ಅವಳು ಸೆರಗು ಒಡ್ಡಿ ಎರಡೂ ಕೈಯಿಂದ ಹಿಡಿದುಕೊಂಡಳು. ನನ್ನ ಕೈ ಬಿಡಲಿಲ್ಲ. ಹಾಗೇ ಇಬ್ಬರೂ ಮೊರ ಹಿಡಿದುಕೊಂಡು ಉಳಿದೆವು.

ತಿಂಗಳುಗಟ್ಟಲೆ ಕೂಗಿ ಕೂಗಿ ಅವಳ ಗಂಟಲು ಕಟ್ಟಿಹೋಗಿತ್ತು. ಮಾತಾಡಬೇಡ ಅಂತ ಡಾಕ್ಟರು ಹೇಳಿದ್ದರು. ಬಗ್ಗಿ ಅವಳ ಬಾಯಿಯ ಹತ್ತಿರ ಕಿವಿ ಇಟ್ಟರೆ ಮಾತ್ರ ಕೇಳುತ್ತಿತ್ತು.

"ಅಕ್ಕಾ, ಆ ಭಾನುವಾರ ನೀನು ಹಿಂದಕ್ಕೆ ತಿರುಗಿದ್ಯಲ್ಲಾ," ಅಂದಳು. "ಅವತ್ತು ನನಗೆ ಹೊಟ್ಟೆ ಉರಿದ್ಹೋಯ್ತು. ನಾನು ವಾರವಾರ ಮೂರು ಭಾಷೇಲಿ ಅರಚ್ಕೊಂಡು ಸಾಯ್ತಿದ್ದೆ. ನೀನು ಬಾಯೇ ಬಿಡ್ಲಿಲ್ಲ, ಅಷ್ಟು ಜನಾನೂ ಹಿಂದಕ್ಕೆ ಹೋದ್ರು. ನನ್ನ ಕಡೆ ಒಬ್ರೂ ತಿರುಗಿ ನೋಡ್ಲಿಲ್ಲ ಕಣಕ್ಕಾ. ಮನೆಗೆ ಬಂದು ಅತ್ತುಬಿಟ್ಟೆ."

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಏನಂತೆ?" ಅಂದರು. ಅವರಿಗೆ ಕೇಳಿಸಿರಲಿಲ್ಲ.

ನಾನು ಮೊರ ಬಿಟ್ಟೆ. "ಅತ್ತೆಗೆ ಕೇಳೋ ಹಂಗೆ ಹೇಳು," ಅಂದೆ.

ಪಾಪ, ಅವಳಿಗೆ ಗಂಟಲೇ ಇರಲಿಲ್ಲ. ಆದರೂ ಎದ್ದು ಅತ್ತೆಯ ಹತ್ತಿರ ಹೋಗಿ, ಕತ್ತಿನ ನರ ಉಬ್ಬಿಸಿಕೊಂಡು, ಮೊದಲಿನಿಂದ ಹೇಳಿದಳು. ನಾನು ತಡೆಯಲಿಲ್ಲ.