ಹಳದಿ ಹೆಬ್ಬೆಟ್ಟು

ಎಲುಬಿನ ವಾರ್ಡಿನಲ್ಲಿ ಇಪ್ಪತ್ತು ವರ್ಷ ದುಡಿದ ನರ್ಸಿಗೆ ಬೀಳುವುದೆಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಜಮಖಂಡಿಯ ನಮ್ಮ ವಾರ್ಡಿಗೆ ಕಬ್ಬಿನ ಟ್ರ್ಯಾಲಿಯ ಮೇಲಿಂದ ಬಿದ್ದವರು ಬರುತ್ತಾರೆ, ಹುಣಸೆ ಮರದಿಂದ ಬಿದ್ದವರು ಬರುತ್ತಾರೆ, ಮಾಳಿಗೆಯ ಮೇಲೆ ಸೇಂಗಾ ಒಣಹಾಕಲು ಹೋಗಿ ಜಾರಿದವರು ಬರುತ್ತಾರೆ. ಎಲ್ಲರದೂ ಒಂದೇ ಮಾತು: "ದಿನಾ ಹತ್ತತಿದ್ನಿರಿ, ಇವತ್ತ ಹೆಂಗ ಬಿದ್ದೆ ತಿಳೀವಲ್ದು." ಅಂಥ ನನ್ನ ಮುಂದೆ ಕೂತು ನನ್ನ ಮಗಳು, ಡಿಗ್ರಿಯ ಕೊನೆಯ ವರ್ಷದಲ್ಲಿದ್ದವಳು, ರೊಟ್ಟಿ ಮುರಿಯುತ್ತಾ ಸಂತೆಗೆ ಹೋಗಿಬರುವೆ ಅನ್ನುವಷ್ಟು ಹಗುರಾಗಿ ಹೇಳಿದಳು: "ಯವ್ವಾ, ರವಿವಾರ ಬೀಳಗಿ ಕಡೆ ಗುಡ್ಡದ ಕಲ್ಲ ಹತ್ತಾಕ ಹೋಗ್ತೇನಿ."

ಅಂದಿನಿಂದ ನನಗೆ ರವಿವಾರ ಬಂತೆಂದರೆ ಅಂಜಿಕೆ. ಬೈದೆ, ಎರಡು ದಿನ ಮಾತು ಬಿಟ್ಟೆ, ಎಕ್ಸ್‌ರೇ ಫೋಟೊಗಳನ್ನು ಮೊಬೈಲಿನಲ್ಲಿ ತೋರಿಸಿದೆ. ಅವಳು ಎಲ್ಲವನ್ನೂ ಕುತೂಹಲದಿಂದ ನೋಡಿ, ಈ ಎಲುಬು ಕೂಡಲು ಎಷ್ಟು ದಿನ ಬೇಕು ಎಂದು ಕೇಳಿದಳು. ಕೊನೆಗೆ ನಾನೂ ಜೊತೆಗೆ ಹೊರಟೆ. ಕಣ್ಣ ಮುಂದೆಯಾದರೂ ಇರಲಿ ಅನಿಸಿತು.

ಆ ಗುಡ್ಡ ಗಲಗಲಿಗೆ ಹೋಗುವ ರಸ್ತೆಯಿಂದ ಒಳಕ್ಕಿದೆ. ಅದರ ಒಂದು ಮಗ್ಗಲು ನಾಲ್ಕು ಅಂತಸ್ತಿನ ಮನೆಯಷ್ಟು ಎತ್ತರಕ್ಕೆ ನೆಟ್ಟಗೆ ನಿಂತ ಕೆಂಪು ಕಲ್ಲು. ಅಲ್ಲಿ ಹತ್ತುವ ದಾರಿ ಮಾಡಿದವರು ಮೂವರು. ಬನಹಟ್ಟಿಯಲ್ಲಿ ಪವರ್‌ಲೂಮ್ ರಿಪೇರಿ ಮಾಡುವ ಒಬ್ಬ ಮೇಸ್ತ್ರಿ. ವಯಸ್ಸಿನಲ್ಲಿದ್ದಾಗ ಬಾದಾಮಿಯಲ್ಲಿ ಕಲ್ಲು ಹತ್ತುವವರ ಜೊತೆ ಸೇರಿ ಈ ವಿದ್ಯೆ ಕಲಿತು ಬಂದವರು. ಮುಧೋಳದ ಶಾಲೆಯೊಂದರಲ್ಲಿ ಆಟ ಕಲಿಸುವ ಟೀಚರು. ಮೂರನೆಯವರು ಗುಡ್ಡದ ಬುಡದಲ್ಲೇ ಕುರಿದಡ್ಡಿ ಇಟ್ಟುಕೊಂಡಿರುವ ಅಜ್ಜ. ಎಂದೂ ಹಗ್ಗ ಕಟ್ಟಿಕೊಂಡು ಕಲ್ಲು ಹತ್ತಿದವರಲ್ಲ, ಆದರೆ ಆ ಗುಡ್ಡದ ಒಂದೊಂದು ಬಿರುಕೂ ಅವರಿಗೆ ಗೊತ್ತು. ಯಾರಿಗೂ ಸಂಬಳವಿಲ್ಲ, ಯಾರೂ ಮಾಡಿರೆಂದು ಹೇಳಿದ್ದಿಲ್ಲ. ಮಾಡಲು ಕೆಲಸವಿಲ್ಲದ ಮಂದಿ ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡೆ. ತಾವು ಹಾಳಾಗುವುದಲ್ಲದೆ ಊರ ಮಕ್ಕಳನ್ನೂ ಕಲ್ಲಿಗೆ ತೂಗುಹಾಕುತ್ತಾರಲ್ಲ ಎಂದು.

ಅವರು ಮಾಡುವ ಕೆಲಸ ಇಷ್ಟು. ಕಲ್ಲಿಗೆ ತೂತು ಕೊರೆದು ಬುಡದಿಂದ ತುದಿಯವರೆಗೆ ಏಳು ಬೋಲ್ಟು ಕೂರಿಸಿದ್ದಾರೆ, ಐದು ದಾರಿಯುದ್ದಕ್ಕೂ, ಎರಡು ತುತ್ತತುದಿಯಲ್ಲಿ ಜೋಡಿಯಾಗಿ. ಹತ್ತುವವರು ಒಂದೊಂದೇ ಬೋಲ್ಟಿಗೆ ಕೊಕ್ಕೆ ಹಾಕಿ ಅದರೊಳಗೆ ತಮ್ಮ ಹಗ್ಗ ತೂರಿಸುತ್ತಾ ಹೋಗುತ್ತಾರೆ. ಹಗ್ಗದ ಇನ್ನೊಂದು ತುದಿ ಕೆಳಗೆ ಟೀಚರ ಕೈಯಲ್ಲಿರುತ್ತದೆ. ಕೈ ಜಾರಿದರೆ ಜೀವ ಹಿಡಿಯುವುದು ಆ ಬೋಲ್ಟು. ಮಳೆಗಾಲದಲ್ಲಿ ಕಲ್ಲಿನೊಳಗೆ ನೀರಿಳಿಯುತ್ತದೆ, ಬೇಸಿಗೆಯಲ್ಲಿ ಕಾದು ಬಿರಿಯುತ್ತದೆ. ಅದಕ್ಕೇ ಪ್ರತಿ ವರ್ಷ ಮಳೆ ನಿಂತ ಮೇಲೆ ಮೇಸ್ತ್ರಿ ಹಗ್ಗದಲ್ಲಿ ಜೋತುಬಿದ್ದು, ಸಣ್ಣ ಸುತ್ತಿಗೆಯಿಂದ ಪ್ರತಿ ಬೋಲ್ಟನ್ನೂ ಅದರ ಸುತ್ತಲಿನ ಕಲ್ಲನ್ನೂ ಬಡಿದು ಕಿವಿಗೊಟ್ಟು ಕೇಳುತ್ತಾರೆ. ವಾರವಿಡೀ ಮಗ್ಗಗಳ ಗದ್ದಲದಲ್ಲಿ ಯಾವ ಗಾಲಿಯ ಹಲ್ಲು ಸವೆದಿದೆ ಎಂದು ಕಿವಿಯಿಂದಲೇ ಹಿಡಿಯುವ ಮನುಷ್ಯ. ಕಲ್ಲು ಗಟ್ಟಿ ದನಿ ಕೊಟ್ಟರೆ, ಮಗ್ಗದ ಎಣ್ಣೆಯಲ್ಲಿ ಹೆಬ್ಬೆರಳು ಅದ್ದಿ, ಅಜ್ಜ ಕೊಟ್ಟ ಭಂಡಾರದಲ್ಲಿ ಒತ್ತಿ, ಬೋಲ್ಟಿನ ಪಕ್ಕ ಒಂದು ಹಳದಿ ಹೆಬ್ಬೆಟ್ಟು ಮೂಡಿಸುತ್ತಾರೆ. ಭಂಡಾರವೆಂದರೆ ಬೀರಪ್ಪನ ಅರಿಶಿನ ಪುಡಿ. ಅಜ್ಜನ ನಡುವಿನ ಚೀಲದಲ್ಲಿ ಅದು ಯಾವಾಗಲೂ ಇರುತ್ತದೆ. ಹಳದಿ ಇದ್ದಲ್ಲಿಯವರೆಗೆ ಹತ್ತಬಹುದು, ಹಳದಿ ಮುಗಿದಲ್ಲಿ ಇಳಿಯಬೇಕು. ಅಲ್ಲಿಯ ಕಾನೂನು ಇದೊಂದೇ.

"ಪೇಂಟ್ ಹಚ್ಚಿದ್ರ ಗಟ್ಟಿ ಉಳೀತಿತ್ತಲ್ರಿ" ಎಂದು ನಾನು ಮೇಸ್ತ್ರಿಯನ್ನು ಒಮ್ಮೆ ಕುಟುಕಿದ್ದೆ.

"ಉಳೀಬಾರ್ದರಿ ಅಕ್ಕಾರ" ಅಂದರು ಅವರು. "ಮಳಿಗಿ ತೊಳದ ಹೋಗ್ಬೇಕು. ಹೋದ್ರ ನಾ ಮತ್ತ ನೋಡ್ತೇನಿ. ಉಳದ್ರ, ಹೋದ ವರ್ಷ ನೋಡೇವಲ್ಲ ಅಂತ ಮೈಗಳ್ಳ ಆಗ್ತೇನಿ."

ಆ ಉತ್ತರ ನನಗೆ ಹಿಡಿಸಿತು. ಹಾಗೆಂದು ಅಂಜಿಕೆ ಹೋಗಲಿಲ್ಲ.

ದೀಪಾವಳಿ ಮುಗಿದ ಮೇಲಿನ ಒಂದು ರವಿವಾರ. ಆ ಬೆಳಿಗ್ಗೆ ಮಗಳು ಹಗ್ಗ ಸುತ್ತುತ್ತಿದ್ದಾಗ ಕೆಳಗೆ ನಿಂತು ನೋಡುವುದು ನನ್ನಿಂದ ಆಗಲಿಲ್ಲ. ಹಿಂದಿನ ಕುರಿದಾರಿ ಹಿಡಿದು ಗುಡ್ಡದ ನೆತ್ತಿಗೆ ಹೋದೆ. ನಮ್ಮ ಮನೆದೇವರೂ ಬೀರಪ್ಪನೇ. ಹಿಂದಿನ ದಿನವಷ್ಟೇ ಗುಡಿಯಿಂದ ಭಂಡಾರ ಕಟ್ಟಿಸಿಕೊಂಡು ಬಂದಿದ್ದೆ, ಪರ್ಸಿನಲ್ಲಿತ್ತು. ಅಂಚಿನ ಹತ್ತಿರ ಹೊಟ್ಟೆಯ ಮೇಲೆ ಮಲಗಿ ತೆವಳುತ್ತಾ ಹೋದೆ. ಕೆಳಗೆ ನೋಡುವ ಧೈರ್ಯವಾಗಲಿಲ್ಲ. ಕಣ್ಣು ಮುಚ್ಚಿ, "ನಿನ್ನ ಉಡಿಯಾಗ ಹಾಕೀನಿ ತಂದೆ, ನೀನಽ ಕಾಯಿ" ಎಂದು ಒಂದು ಮುಷ್ಟಿ ಭಂಡಾರವನ್ನು ಅಂಚಿನಿಂದಾಚೆ ಹಾರಿಸಿದೆ. ಹೊಳೆಯ ಕಡೆಯ ಗಾಳಿ ಅರ್ಧವನ್ನು ನನ್ನ ಮುಖಕ್ಕೇ ತಂದು ಹೊಡೆಯಿತು. ದೇವರು ಒಪ್ಪಿಕೊಂಡ ಎಂದುಕೊಂಡು ಸಮಾಧಾನದಿಂದ ಇಳಿದೆ. ಅರ್ಧ ದಾರಿಯಲ್ಲಿ ಮೇಸ್ತ್ರಿ ಮತ್ತು ಅಜ್ಜ ಜಾಲಿಕಂಟಿ ಕಡಿಯುತ್ತಿದ್ದರು. ನನ್ನ ಹಳದಿ ಮುಖ ನೋಡಿ ಅಜ್ಜ ನಕ್ಕು, "ಏನವಾ, ಮದುಮಗಳ ಆಗೀದಿ" ಎಂದು ಚೇಷ್ಟೆ ಮಾಡಿದರು.

ನಾನು ಕೆಳಗೆ ಬಂದಾಗ ಮಗಳು ಐದನೆಯ ಬೋಲ್ಟನ್ನು ದಾಟಿದ್ದಳು. ಟೀಚರು ಕತ್ತು ಮೇಲೆತ್ತಿ ಹಗ್ಗ ಬಿಡುತ್ತಿದ್ದರು. ನನ್ನನ್ನು ನೋಡದೆಯೇ ಅಂದರು: "ಹೋದ ವಾರ ಮೇಸ್ತ್ರಿ ಮ್ಯಾಲಿನ ಎರಡಕ್ಕೂ ತುಕ್ಕ ಹಿಡೀಬಾರ್ದಂತ ಎಣ್ಣಿ ಅಷ್ಟ ಹಚ್ಚಿದ್ರು, ಬಡದ ನೋಡೂದ ಉಳದಿತ್ತು. ಇವತ್ತ ನಸುಕಿನ್ಯಾಗ ನೋಡ್ಯಾರ ಕಾಣ್ತದ, ಹಳದಿ ಆಗ್ಯಾವ."

ನಾನೂ ಕತ್ತೆತ್ತಿದೆ. ತುದಿಯ ಆ ಜೋಡಿ ಬೋಲ್ಟಿನ ಮೇಲೆ, ಹಸಿ ಎಣ್ಣೆಗೆ ಅಂಟಿಕೊಂಡು, ಭಂಡಾರ ಬಿಸಿಲಿಗೆ ಹೊಳೆಯುತ್ತಿತ್ತು.

ಅದು ಮೇಸ್ತ್ರಿಯ ಹೆಬ್ಬೆಟ್ಟಲ್ಲ. ಅದು ನಾನು ಹಾರಿಸಿದ್ದು.

ನನ್ನ ಬಾಯಿ ಒಣಗಿಹೋಯಿತು. ಇಲ್ಲಿ ಒಂದು ಮಾತು ಒಪ್ಪಿಕೊಳ್ಳುತ್ತೇನೆ, ಇದನ್ನು ಮಗಳಿಗೂ ಹೇಳಿಲ್ಲ. ಎರಡು ಉಸಿರಿನಷ್ಟು ಹೊತ್ತು ನಾನು ಸುಮ್ಮನಿದ್ದೆ. ಬೋಲ್ಟು ಗಟ್ಟಿಯೇ ಇರಬಹುದು, ಬೀರಪ್ಪ ನೋಡಿಕೊಳ್ಳಬಹುದು, ನನ್ನ ಮಾನವೂ ಉಳಿಯಬಹುದು ಅನಿಸಿತು. ಮಗಳ ಜೀವ ಕಲ್ಲಿಗೆ ನೇತಾಡುವಾಗ ತಾಯಿಯಾದವಳಿಗೆ ತನ್ನ ಮಾನದ ಯೋಚನೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

"ಟೀಚರ್, ಅದು ಅವರು ಹಚ್ಚಿದ್ದಲ್ಲ" ಅಂದೆ. "ನಾ ಮ್ಯಾಲಿಂದ ಭಂಡಾರ ಹಾರಿಸೇನಿ."

ಟೀಚರ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಹಗ್ಗವನ್ನು ಬಿಗಿಯಾಗಿ ಹಿಡಿದೇ, ಕೊರಳಿನ ಸೀಟಿಯನ್ನು ಬಾಯಿಗಿಟ್ಟು ಮೂರು ಸಲ ಜೋರಾಗಿ ಊದಿದರು. ಗುಡ್ಡದ ಹಿಂದೆ ಕಂಟಿ ಕಡಿಯುವ ಸದ್ದು ನಿಂತಿತು.

ಅಷ್ಟರಲ್ಲಿ ಮಗಳು ತುದಿ ಮುಟ್ಟಿ ಆ ಜೋಡಿಯಲ್ಲಿ ಒಂದಕ್ಕೆ ಕೊಕ್ಕೆ ಹಾಕಿಬಿಟ್ಟಿದ್ದಳು. ಇನ್ನು ಅವಳು ಮಾಡುವುದು ನನಗೆ ಗೊತ್ತಿತ್ತು. ಕಲ್ಲು ಬಿಟ್ಟು, ಹಿಂದಕ್ಕೆ ವಾಲಿ, ಮೈಭಾರವನ್ನೆಲ್ಲ ಆ ಬೋಲ್ಟಿನ ಮೇಲೆ ಹಾಕಿ ಕೂರುವುದು. ಅದು ಕಿತ್ತುಬಂದರೆ ಐದನೆಯ ಬೋಲ್ಟು ಹಿಡಿದೀತು, ಆದರೆ ಅದಕ್ಕೂ ಮೊದಲು ಕೆಳಗೆ ಚಾಚಿಕೊಂಡಿರುವ ಬಂಡೆಗೆ ಅವಳ ನಡು ಬಡಿಯುತ್ತದೆ. ಯಾವ ಎಲುಬು ಎಲ್ಲಿ ಮುರಿಯುತ್ತದೆ ಎಂದು ನನ್ನ ತಲೆ ನಾನು ಕೇಳದಿದ್ದರೂ ಲೆಕ್ಕ ಒಪ್ಪಿಸತೊಡಗಿತು. ಇಪ್ಪತ್ತು ವರ್ಷದ ನೌಕರಿಗೆ ಅವತ್ತಿನಷ್ಟು ಶಾಪ ನಾನು ಎಂದೂ ಹಾಕಿಲ್ಲ.

"ಕುಂದರಬ್ಯಾಡ" ಎಂದು ಕೂಗಿದೆ. ಅಳುವ ದನಿಯಲ್ಲಲ್ಲ, ವಾರ್ಡಿನ ದನಿಯಲ್ಲಿ. ಪೇಷಂಟು ಹೊಲಿಗೆ ಕಿತ್ತುಕೊಳ್ಳಲು ಹೋದಾಗ ಬರುವ ದನಿ ಅದು. "ಕಲ್ಲ ಬಿಡಬ್ಯಾಡ. ಹಗ್ಗಕ್ಕ ಭಾರ ಹಾಕಬ್ಯಾಡ. ಹಂಗಽ ನಿಂದರ."

"ಯಾಕಬೇ ಯವ್ವಾ?"

"ಆ ಬೋಲ್ಟ್ ಯಾರೂ ನೋಡಿಲ್ಲ. ಮೇಸ್ತ್ರಿ ಬರಾಕತ್ತಾರ. ಎರಡು ಕೈ ಕಲ್ಲಿನ್ಯಾಗ ಇರ್ಲಿ."

ಅವಳು ಕಲ್ಲಿಗೆ ಕೆನ್ನೆ ಹಚ್ಚಿ ನಿಂತಳು. ಬೆರಳು ಊರಲು ಒಂದು ಬಿರುಕು, ಪಾದ ಊರಲು ರೊಟ್ಟಿಯ ದಪ್ಪದ ಒಂದು ಅಂಚು, ಅವಳಿಗಿದ್ದದ್ದು ಅಷ್ಟೇ. ಸ್ವಲ್ಪ ಹೊತ್ತಿಗೆ ಅವಳ ಎಡಗಾಲು ಮಗ್ಗ ತುಳಿಯುವವರ ಕಾಲಿನಂತೆ ಒಂದೇ ಸಮ ಕುಣಿಯತೊಡಗಿತು. ನಾಡಿ ಎಣಿಸುವ ಅಭ್ಯಾಸದಿಂದ ನಾನು ಎಣಿಸುತ್ತಿದ್ದೆ. ಎಷ್ಟಕ್ಕೆ ಬಂದೆನೋ ಗೊತ್ತಿಲ್ಲ, ಪ್ರತಿ ಸಲ ಮರೆತು ಒಂದರಿಂದ ಶುರು ಮಾಡುತ್ತಿದ್ದೆ. "ಹಿಮ್ಮಡಿ ಕೆಳಗ ಮಾಡು, ಉಸಿರು ಬಿಡು" ಎಂದು ಟೀಚರು ಸಣ್ಣ ದನಿಯಲ್ಲಿ ಹೇಳುತ್ತಲೇ ಇದ್ದರು.

ಕೊನೆಗೆ ನೆತ್ತಿಯ ಮೇಲೆ ಮೇಸ್ತ್ರಿಯ ತಲೆ ಕಂಡಿತು. ಅವರು ಹಗ್ಗವೊಂದನ್ನು ಹಿಂದಿನ ದೊಡ್ಡ ಬಂಡೆಗೆ ಸುತ್ತಿ ಬಿಗಿದಿದ್ದರು. ಅಂಚಿನ ಕಲ್ಲು ಹಗ್ಗವನ್ನು ಕೊಯ್ಯಬಾರದೆಂದು ಅಜ್ಜ ತಮ್ಮ ಹೆಗಲ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅಲ್ಲಿ ಹಾಸಿ, ಅದರ ತುದಿಯ ಮೇಲೆ ತಾವೇ ಕೂತರು. ಗಂಟು ಹಾಕಿದ ಹಗ್ಗ ಕೊಕ್ಕೆಯ ಸಮೇತ ಮಗಳ ಕೈಗೆ ಇಳಿದು ಬಂತು. ಅವಳು ಅದನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿದಳು. ಇಬ್ಬರೂ ಸೇರಿ ಅವಳನ್ನು ಮೇಲಕ್ಕೆ ಎಳೆದುಕೊಂಡರು. ಅವಳ ಕಾಲು ಅಂಚಿನಾಚೆ ಮರೆಯಾದದ್ದೇ ನಾನು ನಿಂತಲ್ಲೇ ಕುಸಿದು ಕೂತು ಚಿಕ್ಕ ಹುಡುಗಿಯ ಹಾಗೆ ಅತ್ತೆ.

ಆಮೇಲೆ ಮೇಸ್ತ್ರಿ ಅದೇ ಹಗ್ಗದಲ್ಲಿ ಇಳಿದು ತುದಿಯ ಜೋಡಿಯನ್ನು ಬಡಿದರು. ಮೊದಲನೆಯದು ಠಣ್ ಎಂದಿತು. ಎರಡನೆಯದು ಮಗಳು ಕೊಕ್ಕೆ ಹಾಕಿದ್ದು. ಅದರ ಸದ್ದು, ಕೆಳಗಿದ್ದ ನನಗೂ ಕೇಳಿಸಿತು, ಒಡಕು ಗಡಿಗೆಯ ಸದ್ದು. ಸುತ್ತಿಗೆ ನಡುವಿಗೆ ಸಿಕ್ಕಿಸಿಕೊಂಡು ಅದನ್ನು ಬೆರಳಿನಿಂದ ತಿರುವಿದರು. ಬುಡದ ಕಲ್ಲಿನ ಚೂರಿನ ಸಮೇತ ಅದು ಕೈಗೆ ಬಂತು.

ಬೈಗುಳಕ್ಕೆ ನಾನು ತಯಾರಾಗಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ಒಂದು ಬಟ್ಟೆ ತೆಗೆದುಕೊಂಡು ಉಳಿದ ಬೋಲ್ಟುಗಳ ಹಳದಿಯನ್ನೆಲ್ಲ ಒರೆಸತೊಡಗಿದರು, ತಮ್ಮದೇ ಹೆಬ್ಬೆಟ್ಟುಗಳನ್ನೂ.

"ಅವು ನೀವಽ ನೋಡಿದ್ದವಲ್ರಿ" ಅಂದೆ ನಾನು, ಅವರು ಕೆಳಗಿಳಿದ ಮೇಲೆ.

"ಹೌದರಿ ಅಕ್ಕಾರ. ಆದ್ರ ಈಗ ಹಳದಿ ಕಂಡ್ರ ಖರೆ ಯಾವ್ದು, ಗಾಳೀದು ಯಾವ್ದು ಅಂತ ಯಾರಿಗೆ ಗೊತ್ತಾಗ್ತದ? ಮೊದಲಿಂದ ನೋಡೂದಽ ಛಲೋ."

ಮಳೆ ನಿಂತ ಮೇಲೆ ಮೂರು ರವಿವಾರ ಕೂತು ಮಾಡಿದ ಕೆಲಸ ಅದು. ನನ್ನ ಒಂದು ಮುಷ್ಟಿ ಭಕ್ತಿಗೆ ಅಷ್ಟನ್ನೂ ಒರೆಸಿಹಾಕಿ ಮತ್ತೆ ಒಂದರಿಂದ ಶುರು ಮಾಡಿದರು. ಟೀಚರು ತಮ್ಮ ಶಾಲೆಯ ರಜೆಯನ್ನೂ ಇದಕ್ಕೇ ಹಾಕಿದರು. ಮಾಡಲು ಕೆಲಸವಿಲ್ಲದವರು ಎಂದು ನಾನು ಅಂದುಕೊಂಡಿದ್ದ ಮಂದಿ ಇವರು. ಅಜ್ಜ ಮಾತ್ರ ಕಂಬಳಿ ಝಾಡಿಸುತ್ತಾ ಒಂದು ಮಾತು ಹೇಳಿದರು: "ಬೀರಪ್ಪಗ ಕೊಡೂದು ಗುಡಿಯಾಗ ಕೊಡವಾ ತಂಗಿ. ಇಲ್ಲಿ ಕೊಟ್ರ, ಯಾರೂ ನೋಡದಽ ಇದ್ದದ್ದನ್ನ ಅವನಽ ನೋಡ್ಯಾನ ಅಂತ ಅಪವಾದ ಅವನ ಮ್ಯಾಲ ಬರ್ತದ."

ಆ ಕಂಬಳಿಯ ಮಡಿಕೆಯಲ್ಲಿ ಹಗ್ಗ ಉಜ್ಜಿ ಅಂಗೈಯಗಲ ಸವೆದಿತ್ತು. ಹೊಸದು ತಂದುಕೊಡುತ್ತೇನೆಂದೆ, ಅವರು ಬೇಡವೆಂದರು. ಕಿತ್ತುಬಂದ ಬೋಲ್ಟನ್ನು ನಾನು ಕೇಳಿ ಇಸಿದುಕೊಂಡೆ. ನಮ್ಮ ಜಗಲಿಯ ಮೇಲೆ ಭಂಡಾರದ ಬಟ್ಟಲಿನ ಪಕ್ಕದಲ್ಲೇ ಅದಿದೆ. ದಿನಾ ದೀಪ ಹಚ್ಚುವಾಗ ಕಣ್ಣಿಗೆ ಬೀಳುತ್ತದೆ.

ಈ ವರ್ಷ ಮಳೆ ಚೆನ್ನಾಗಿ ಹಿಡಿದು ಹಳದಿಯೆಲ್ಲ ತೊಳೆದುಹೋಯಿತು. ನಾನೂ ಕುಡುಗೋಲು ಹಿಡಿದು ಕಂಟಿ ಕಡಿಯಲು ಹೋಗುತ್ತೇನೆ. ಹೋದ ರವಿವಾರ ಮೇಸ್ತ್ರಿ ಕೆಳಗೇ ನಿಂತರು. ಸುತ್ತಿಗೆ, ಎಣ್ಣೆ ಡಬ್ಬಿ, ಅಜ್ಜನ ಭಂಡಾರದ ಚೀಲ ಮೂರನ್ನೂ ನನ್ನ ಮಗಳ ನಡುವಿಗೆ ಕಟ್ಟಿ, "ಕಿವಿ ನಿಂದು, ಬೆರಳೂ ನಿಂದು" ಅಂದರು. ಅವಳು ಹಗ್ಗದಲ್ಲಿ ತುದಿಯಿಂದ ಇಳಿಯುತ್ತಾ ಬಂದು ಹೊಸದಾಗಿ ಕೂರಿಸಿದ್ದ ಬೋಲ್ಟಿನ ಮುಂದೆ ನಿಂತಳು. ಬಡಿದಳು, ಕೇಳಿದಳು, ಹೆಬ್ಬೆರಳನ್ನು ಎಣ್ಣೆಗೆ ಅದ್ದಿದಳು.

ಆಗ ನನಗೆ ಬಂದ ಅಂಜಿಕೆ ಬೇರೆಯೇ. ಮುಂದಿನ ವಾರ ಅಲ್ಲಿ ನೇತಾಡುವವಳು ಇನ್ಯಾರದೋ ಮಗಳು. ಅವಳ ತಾಯಿಯೂ ಇಲ್ಲೇ ಬಾಯಿ ಒಣಗಿಸಿಕೊಂಡು ನಿಂತಿರುತ್ತಾಳೆ, ಆ ಹಳದಿಯನ್ನೇ ನಂಬಿಕೊಂಡು. ಇಷ್ಟು ದಿನ ಇಳಿ, ಇಳಿದು ಬಾ ಎಂದು ಗೋಗರೆಯುತ್ತಿದ್ದ ನಾನು ಕತ್ತು ಮೇಲೆತ್ತಿ ಕೂಗಿದೆ:

"ಲಗೂನ ಇಳೀಬ್ಯಾಡ. ಇನ್ನೊಮ್ಮೆ ಬಡದ ನೋಡು."