ಓದದೆ ಸಹಿ ಹಾಕುವುದಿಲ್ಲ

ಮೊದಲು ಡಿಕ್ಕಿ ಹೊಡೆದದ್ದು ನಮ್ಮ ಮನೆಯ ಹಸುವಿಗೆ. ಕಾಲೇಜಿಗೆ ಹೊರಟವಳು ಎಡಗಡೆ ಏನೂ ಇಲ್ಲ ಅಂದುಕೊಂಡು ತಿರುಗಿದೆ. ಅಷ್ಟು ದೊಡ್ಡ ಹಸು ಅಲ್ಲೇ ನಿಂತಿತ್ತು. ಮನೆಯವರೆಲ್ಲ ನಕ್ಕರು, ನಾನೂ ನಕ್ಕೆ. ಮರುವಾರ ಸ್ಟಾಫ್ ರೂಮಿನ ಬಾಗಿಲಿಗೆ ಭುಜ ಬಡಿಯಿತು. ಅದರ ಮುಂದಿನ ವಾರ ಕಾಫಿಯನ್ನು ಲೋಟದ ಪಕ್ಕಕ್ಕೆ ಸುರಿದೆ. ಆಗ ಯಾರೂ ನಗಲಿಲ್ಲ.

ನಾನು ತುರುವೇಕೆರೆ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವವಳು. ಇಪ್ಪತ್ತೊಂದು ವರ್ಷದ ಸರ್ವಿಸ್. ಮನೆ ದಂಡಿನಶಿವರದ ಹತ್ತಿರ, ಗಂಡನದು ತೆಂಗಿನ ತೋಟ. ಕನ್ನಡಕದ ನಂಬರ್ ಬದಲಾಗಿರಬೇಕು ಅಂತ ತುಮಕೂರಿಗೆ ಹೋದೆವು. ಅಲ್ಲಿ ಕಣ್ಣಿನ ಪ್ರೆಶರ್ ನೋಡಿ ಫೀಲ್ಡ್ ಟೆಸ್ಟ್ ಮಾಡಿಸಿದರು. ಯಂತ್ರದೊಳಗೆ ಮುಖವಿಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ನಾನು ಬಹಳ ಹೊತ್ತು ಒತ್ತದೆ ಕೂತಿದ್ದೆ. ಮೆಷಿನ್ ಕೆಟ್ಟಿದೆ ಅಂದುಕೊಂಡೆ.

ಮೆಷಿನ್ ಕೆಟ್ಟಿರಲಿಲ್ಲ.

"ಗ್ಲಾಕೋಮಾ. ತುಂಬಾ ಮುಂದುವರಿದಿದೆ," ಅಂದರು ಡಾಕ್ಟರ್. "ಆಪ್ಟಿಕ್ ನರ್ವ್‌ನಲ್ಲಿ ಹೋಗಿರೋದು ವಾಪಸ್ ಬರಲ್ಲ. ಇರೋದನ್ನ ಉಳಿಸಿಕೊಳ್ಳೋಣ."

ಡ್ರಾಪ್ಸ್, ಸರ್ಜರಿ, ಮತ್ತೆ ಡ್ರಾಪ್ಸ್. ಬಲಗಣ್ಣು ಉಳಿಯಲಿಲ್ಲ. ಎಡಗಣ್ಣಿನಲ್ಲಿ ಬೀಗದ ತೂತಿನಷ್ಟು ನೋಟ ಇದೆ. ಗಂಡನ ಮೂಗು ಕಂಡರೆ ಬಾಯಿ ಕಾಣುವುದಿಲ್ಲ. ಪುಸ್ತಕದಲ್ಲಿ ಒಂದು ಪದ ಹಿಡಿದರೆ ಮುಂದಿನದು ತಪ್ಪಿಸಿಕೊಳ್ಳುತ್ತದೆ.

ಮೂರು ತಿಂಗಳು ರಜೆ ಹಾಕಿ ಮನೆಯ ಮಂಚದ ಮೇಲಿದ್ದೆ. ನೋಡಲು ಬಂದವರೆಲ್ಲ ಜೋರಾಗಿ ಮಾತಾಡಿದರು, ನನಗೆ ಹೋಗಿರುವುದು ಕಿವಿಯೇನೋ ಎನ್ನುವ ಹಾಗೆ. ನಾನು ಎದುರಿಗೇ ಕೂತಿದ್ದರೂ ಗಂಡನನ್ನು, "ಮೇಡಂ ಕಾಫಿ ಕುಡೀತಾರಾ?" ಎಂದು ಕೇಳಿದರು. ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂತು. ಆ ಸಿಟ್ಟು ಬಾರದೆ ಹೋಗಿದ್ದರೆ ನಾನು ಇನ್ನೂ ಆ ಮಂಚದ ಮೇಲೇ ಇರುತ್ತಿದ್ದೆ.

ತುಮಕೂರಿನಲ್ಲಿ ಇಮ್ತಿಯಾಜ್ ಎಂಬವರು ಸ್ಕ್ರೀನ್ ರೀಡರ್ ಕಲಿಸುತ್ತಾರೆಂದು ಗೊತ್ತಾಯಿತು. ಕಂಪ್ಯೂಟರಿನ ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಅದು. ಅವರಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಮೊದಲ ಶನಿವಾರವೇ, "ಮೇಡಂ, ಮೌಸ್ ಎತ್ತಿ ಡ್ರಾಯರ್‌ಗೆ ಹಾಕಿ. ಇನ್ನು ಅದರ ಸಹವಾಸ ಬೇಡ," ಅಂದರು. ಆ ಯಂತ್ರದ ದನಿ ಉಸಿರು ತೆಗೆದುಕೊಳ್ಳದೆ ಓಡುತ್ತದೆ. ನನಗೆ ತಲೆನೋವು ಬಂತು. ಮನೆಗೆ ಬಂದು, ಇದು ನನ್ನ ಕೈಲಾಗುವುದಿಲ್ಲ ಅಂದೆ.

ಅತ್ತೆ ಗಂಗಮ್ಮ ಅಟ್ಟದಿಂದ ಇಳಿಸಿದ ಒಣಗಾಯಿಗಳ ಮುಂದೆ ಕೂತಿದ್ದರು. ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸುವುದು, ಒಳಗೆ ಕೊಬ್ಬರಿ ಬಿಟ್ಟುಕೊಂಡು ಗಡಗಡ ಅಂದರೆ ಒಂದು ಕಡೆ, ಇಲ್ಲದಿದ್ದರೆ ಇನ್ನೊಂದು ಕಡೆ.

"ನಲವತ್ತು ವರ್ಸದಿಂದ ಆರಿಸ್ತಾ ಇದೀನಿ. ಒಂದಾದ್ರೂ ಒಡ್ದು ನೋಡಿದೀನೇನೇ? ಎಲ್ಲಾ ಕಿವೀಲೇ ಕಣೇ. ಮೊದ್ಲನೇ ವರ್ಸ ನಂಗೂ ಎಲ್ಲಾ ಒಂದೇ ತರ ಕೇಳ್ತಿತ್ತು. ಅಳೋದು ಬುಟ್ಟು ಕೂತ್ಕಂಡು ಕೇಳು."

ಕೂತುಕೊಂಡು ಕೇಳಿದೆ. ಎರಡು ತಿಂಗಳಲ್ಲಿ ಹಾಜರಿ, ಅಂಕಪಟ್ಟಿ, ಪಾಠದ ಸ್ಲೈಡು ಎಲ್ಲವೂ ಕೀಬೋರ್ಡಿನಲ್ಲೇ ಆಗತೊಡಗಿದವು. ರಜೆ ರದ್ದು ಮಾಡಿಸಿ ಕಾಲೇಜಿಗೆ ಹೋದೆ.

ಪ್ರಿನ್ಸಿಪಾಲರು ತಾವೇ ಎದ್ದು ಬಂದು ಕುರ್ಚಿ ಎಳೆದುಕೊಟ್ಟರು. ಕೆಟ್ಟ ಮನುಷ್ಯರಲ್ಲ. "ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು ಕಣ್ರೀ. ಪಾಠ ಗೀಠ ಬುಟ್ಬುಡಿ. ಲೈಟ್ ಡ್ಯೂಟಿ ಕೊಡ್ತೀನಿ, ಲೈಬ್ರರಿ ನೋಡ್ಕೊಂಡು ಆರಾಮಾಗಿರಿ."

ಓದಲು ಬಾರದವಳೆಂದು ತೀರ್ಮಾನಿಸಿ ಲೈಬ್ರರಿ ಕೊಡುವ ಬುದ್ಧಿವಂತಿಕೆಗೆ ಏನನ್ನಬೇಕೋ ತಿಳಿಯಲಿಲ್ಲ. ನನ್ನ ಪಿರಿಯಡ್‌ಗಳನ್ನು ಆಗಲೇ ಬೇರೆಯವರಿಗೆ ಹಂಚಿದ್ದರು. ಕೆಲಸದಲ್ಲಿರುವಾಗ ಅಂಗವೈಕಲ್ಯ ಬಂದರೆ ತೆಗೆಯುವಂತಿಲ್ಲ ಎಂದು ಕಾನೂನಿದೆ. ಆದರೆ ನಾನೇ ಬೇಡವೆಂದು ಬರೆದುಕೊಟ್ಟರೆ ಯಾರಿಗೂ ತೊಂದರೆಯಿಲ್ಲ. ಪಾಠ ಹೋದರೆ ನಾನು ಸಂಬಳ ಎಣಿಸಿಕೊಳ್ಳುವ ಒಂದು ಕುರ್ಚಿ, ಅಷ್ಟೇ. ಅದಕ್ಕಿಂತ ಮನೆಯ ಮಂಚವೇ ವಾಸಿಯಾಗಿತ್ತು.

ಪತ್ರ ಸಿದ್ಧವಾಗಿತ್ತು. ಕ್ಲರ್ಕ್ ರಂಗಸ್ವಾಮಿ ಪೆನ್ನು ಕೊಟ್ಟು, ನನ್ನ ಬೆರಳನ್ನು ಹಿಡಿದು ಕಾಗದದ ಮೇಲಿಟ್ಟ. "ಇಲ್ಲಿ ಹಾಕಿ ಮೇಡಂ."

"ಏನು ಬರೆದಿದೆ?"

"ಅದೇ ಮೇಡಂ, ಲೈಟ್ ಡ್ಯೂಟೀದು. ಏನೂ ಇಲ್ಲ."

"ಫೈಲ್ ಕಳಿಸಪ್ಪ. ಓದಿ ಹಾಕ್ತೀನಿ."

ಅವನು ಕಾಗದದ ಫೋಟೋ ತೆಗೆದು ಕಳಿಸಿದ. ನನ್ನ ಲ್ಯಾಪ್‌ಟಾಪ್ "ಇಮೇಜ್" ಎಂದು ಹೇಳಿ ಸುಮ್ಮನಾಯಿತು. ಇದು ಆಗಲ್ಲ ಅಂದೆ. ನಾಲ್ಕು ದಿನ ಬಿಟ್ಟು ಟೈಪ್ ಮಾಡಿದ ಫೈಲ್ ಬಂತು. ಆಫೀಸಿನ ಹಳೇ ಕನ್ನಡ ಫಾಂಟು. ಕಣ್ಣಿಗೆ ಅದು ಕನ್ನಡ, ಯಂತ್ರಕ್ಕೆ ಬರೀ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಇದೂ ಆಗಲ್ಲ ಅಂದೆ. ಪ್ರಿನ್ಸಿಪಾಲರಿಗೆ ಬೇಸರವಾಯಿತು. "ನಮ್ಮೇಲೆ ನಂಬಿಕೆ ಇಲ್ವೇನ್ರೀ?" ಅಂದರು.

"ನಂಬಿಕೆ ಇದೆ ಸಾರ್. ಆದ್ರೂ ಓದ್ತೀನಿ."

ಮರುದಿನ ಊಟದ ಹೊತ್ತಿನಲ್ಲಿ ರಂಗಸ್ವಾಮಿಯ ಪಕ್ಕ ಕೂತು ಯಂತ್ರಕ್ಕೂ ಕನ್ನಡವೆಂದೇ ತಿಳಿಯುವ ಯೂನಿಕೋಡ್‌ನಲ್ಲಿ ಟೈಪ್ ಮಾಡುವುದನ್ನು ಹೇಳಿಕೊಟ್ಟೆ. "ಇಷ್ಟೇನಾ ಮೇಡಂ? ಇದಕ್ಕೋಸ್ಕರ ಇಷ್ಟು ದಿನ ಒದ್ದಾಡಿದ್ನಾ?" ಅಂದ. ನನ್ನನ್ನು ಪಾಠದಿಂದ ಬಿಡಿಸುವ ಪತ್ರವನ್ನು ಟೈಪ್ ಮಾಡಲು ನಾನೇ ಕಲಿಸಿದೆ.

ಸಂಜೆ ಪ್ರಿನ್ಸಿಪಾಲರ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟು, ಇಯರ್‌ಫೋನ್ ಕಿತ್ತು, ದನಿ ಜೋರು ಮಾಡಿದೆ. ಯಂತ್ರ ತನ್ನ ಎಂದಿನ ನಿರ್ಭಾವದಲ್ಲಿ ಓದಿತು. ನನ್ನ ಹೆಸರು, ಹುದ್ದೆ, ಆಮೇಲೆ: "ಬೋಧನೆ ಮಾಡಲು ಅಶಕ್ತಳಾಗಿರುವುದರಿಂದ ಸ್ವಇಚ್ಛೆಯಿಂದ ಬಿಡುಗಡೆ ಕೋರುತ್ತೇನೆ."

ಆ ಸಾಲನ್ನು ಇನ್ನೊಮ್ಮೆ ಓದಿಸಿದೆ.

"ಈ ಇಚ್ಛೆ ಯಾರದು ಸಾರ್?"

ಅವರು ಕೆಮ್ಮಿದರು. "ಅದು ಒಂದು ಫಾರ್ಮ್ಯಾಟ್ ಕಣ್ರೀ."

"ಅಶಕ್ತಳು ಅನ್ನೋದೂ ಫಾರ್ಮ್ಯಾಟೇನಾ? ಇದಕ್ಕೆ ನಾನು ಸಹಿ ಹಾಕಲ್ಲ. ನನ್ನ ಇಚ್ಛೆ ನಾಳೆ ಬರೆದುಕೊಡ್ತೀನಿ."

ಮರುದಿನ ಬರೆದೆ. ನನ್ನ ಪಿರಿಯಡ್‌ಗಳು ನನಗೆ ವಾಪಸ್ ಬೇಕು. ಸುತ್ತೋಲೆ, ಪ್ರಶ್ನೆಪತ್ರಿಕೆ ಎಲ್ಲವನ್ನೂ ಓದಲು ಬರುವ ಫೈಲಾಗಿ ಕೊಡಬೇಕು. ತಪ್ಪಿದರೆ ಮೇಲಿನವರಿಗೆ ಬರೆಯುತ್ತೇನೆ. ರಂಗಸ್ವಾಮಿ ಊಟಕ್ಕೆ ಹೋಗಿದ್ದ. ನಾನೇ ಪ್ರಿಂಟ್ ಕೊಟ್ಟು, ಹಾಳೆಯನ್ನು ಕಣ್ಣಿಗೆ ಹಿಡಿಯದೆ ತುದಿಯಲ್ಲಿ ಸಹಿ ಹಾಕಿ, ಮಡಿಸಿ, ಬೀಗುತ್ತಾ ಹೋಗಿ ಅವರ ಕೈಗಿತ್ತೆ.

ಹಾಳೆ ಬಿಚ್ಚಿದ ಸದ್ದು. ಆಮೇಲೆ ಅದನ್ನು ತಿರುವಿ ನೋಡಿದ ಸದ್ದು.

"ಮೇಡಂ, ಇದರಲ್ಲಿ ಸಹಿ ಒಂದು ಬಿಟ್ಟು ಏನೂ ಇಲ್ಲ. ಖಾಲಿ ಹಾಳೆ."

ಪ್ರಿಂಟರಿನಲ್ಲಿ ಇಂಕು ಮುಗಿದಿತ್ತು. ಇಷ್ಟೆಲ್ಲ ಹಟ ಮಾಡಿ, ಕೊನೆಗೆ ಇವರ ಮಾತೇ ನಿಜ ಎಂದು ನಾನೇ ತೋರಿಸಿಕೊಟ್ಟ ಹಾಗಾಯಿತಲ್ಲ ಅನ್ನಿಸಿತು. ಎದ್ದು ಹೋಗಿಬಿಡಬೇಕೆನಿಸಿತು. ಹೋಗಲಿಲ್ಲ.

"ವಾರದಿಂದ ನೀವು ನನಗೆ ಕೊಡ್ತಿದ್ದದ್ದೂ ಇಂಥದ್ದೇ ಸಾರ್," ಅಂದೆ. "ಅದಕ್ಕೇ ಸಹಿ ಹಾಕು ಅಂತಿದ್ರಿ."

ಅವರು ಬೆಲ್ ಒತ್ತಿ ಜವಾನನನ್ನು ಕರೆದು, "ರಂಗಸ್ವಾಮಿ ಬಂದ್ರೆ ಇಂಕು ಹಾಕ್ಸಿ, ಮೇಡಂದು ಇನ್ನೊಂದ್ಸಲ ತೆಗೆಸ್ರಪ್ಪ," ಅಂದರು. ಕ್ಷಮೆ ಕೇಳಲಿಲ್ಲ. ನಾನೂ ಕಾಯಲಿಲ್ಲ.

ಈಗ ರಂಗಸ್ವಾಮಿ ಎಲ್ಲವನ್ನೂ ಯೂನಿಕೋಡ್‌ನಲ್ಲೇ ಟೈಪ್ ಮಾಡುತ್ತಾನೆ. ಅಮ್ಮಸಂದ್ರ ಕಡೆಯಿಂದ ಬರುವ ಕಾವ್ಯ ಎಂಬ ಹುಡುಗಿಗೆ ಓದುವಾಗ ಅಕ್ಷರಗಳು ಕಲಸಿಹೋಗುತ್ತವಂತೆ. ದಡ್ಡಿ ಎಂದು ಹಿಂದಿನ ಬೆಂಚಿಗೆ ಹಾಕಿದ್ದೆವು, ಅದರಲ್ಲಿ ನನ್ನ ಪಾಲೂ ಇದೆ. ಈಗ ನನ್ನ ನೋಟ್ಸನ್ನು ಅವಳು ಬಸ್ಸಿನಲ್ಲಿ ಫೋನಿನಿಂದ ಓದಿಸಿಕೊಂಡು ಬರುತ್ತಾಳೆ, ಬಂದು ನನಗೇ ಪ್ರಶ್ನೆ ಕೇಳುತ್ತಾಳೆ.

ದಿನಕ್ಕೆ ಮೂರು ಸಲ ಡ್ರಾಪ್ಸ್ ಇದೆ. ಎಡಗಣ್ಣೂ ಹೋಗಬಹುದು ಎಂದು ಡಾಕ್ಟರ್ ಮುಚ್ಚಿಟ್ಟಿಲ್ಲ. ಹೋದರೆ ಹೋಗಲಿ ಅನ್ನುವಷ್ಟು ದೊಡ್ಡವಳು ನಾನಲ್ಲ. ಹೆದರಿಕೆಯಿದೆ.

ಹೋದ ವಾರ ಹೊಸ ವೇಳಾಪಟ್ಟಿ ಬಂತು. ವಾರಕ್ಕೆ ಹದಿನಾರು ಪಿರಿಯಡ್, ಹದಿನಾರಕ್ಕೂ ನನ್ನ ಹೆಸರು. ಲ್ಯಾಪ್‌ಟಾಪಿನಲ್ಲಿ ಎರಡು ಸಲ ಕೇಳಿದೆ ಎಂದು ಬರೆಯಹೊರಟೆ. ಇಲ್ಲ. ಎರಡು ಸಲ ಓದಿದೆ.