ಹಡಗಿನ ಊಟಕ್ಕೆ ಮುಂಗಡ

ವೀಳ್ಯದೆಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುವಾಗ ಒಂದು ವಾಸನೆ ಏಳುತ್ತದೆ. ಹಸಿ ವಾಸನೆ ಅಂದರೆ ಸಾಲದು, ಘಾಟು ಅಂದರೆ ಹೆಚ್ಚಾಯಿತು. ಕಳೆದ ಭಾನುವಾರ ಬೆಳಿಗ್ಗೆ ಅತ್ತಿಗುಪ್ಪೆಯ ನಮ್ಮ ಮನೆಯಲ್ಲಿ ಎಲೆಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಒಂದೊಂದಾಗಿ ಒರೆಸುತ್ತಿದ್ದೆ. ಮೊಮ್ಮಗಳು ಮೇಘನಾ ಬಂದು ಎಲೆಗಳ ಪಕ್ಕದಲ್ಲೇ ಫೋನು ಇಟ್ಟಳು.

"ಅಜ್ಜಿ, ಎಲೆ ಆಮೇಲೆ. ಇಲ್ಲಿ ನೋಡು. ಇವತ್ತು ಸಂಜೆಗೆ ಆಫರ್ ಮುಗಿಯುತ್ತೆ."

ಫೋನಿನಲ್ಲಿ ಒಂದು ಬಿಳಿ ಹಡಗು. ಅದರ ಕೆಳಗೆ ಸಾಲಾಗಿ ಸಣ್ಣ ಸಣ್ಣ ಚೌಕಗಳು. ಮುಂದೆ ಹೇಳುವ ಮೊದಲು ಒಂದು ಮಾತು. ಇದನ್ನು ಬರೆಯುತ್ತಿರುವುದು ಮೇಘನಾ ಮತ್ತು ಅವಳ ತಮ್ಮ ಋತ್ವಿಕ್ ಓದಲಿ ಅಂತಲೇ. ಆದರೆ ಅವರನ್ನೇ ಎದುರಿಗೆ ಕೂರಿಸಿಕೊಂಡು "ನೀನು", "ನೀವು" ಅಂತ ಬರೆಯುವುದಕ್ಕೆ ನನಗೆ ನಾಚಿಕೆ. ಆದ್ದರಿಂದ ಪಕ್ಕದಲ್ಲಿ ಕೂತ ಬೇರೆ ಯಾರಿಗೋ ಹೇಳುವ ಹಾಗೆ ಹೇಳುತ್ತೇನೆ. ಅವರು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳಲಿ. ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುವುದು ಈ ಮನೆಯಲ್ಲಿ ಹೊಸದೇನಲ್ಲ.

ಡಿಸೆಂಬರ್ ರಜೆಗೆ ನಾವೆಲ್ಲ ಹಡಗಿನಲ್ಲಿ ಹೋಗುವುದು ಅಂತ ನಿಶ್ಚಯವಾಗಿತ್ತು. ಮಗಳು ಶಶಿ, ಅಳಿಯ, ಮಕ್ಕಳಿಬ್ಬರು, ನಾನು. ಮುಂಬಯಿಯಿಂದ ಹೊರಟು ಲಕ್ಷದ್ವೀಪದ ಕಡೆ ಹೋಗಿ ಬರುವ ಹಡಗು. ಕೋಣೆಗಳನ್ನು ಹಿಡಿದಿಟ್ಟಾಗಿತ್ತು. ಇನ್ನು ಉಳಿದ ಖರ್ಚುಗಳನ್ನೆಲ್ಲ ಈಗಲೇ ಕಟ್ಟುವುದೋ, ಹಡಗು ಹತ್ತಿದ ಮೇಲೆ ಕೊಡುವುದೋ ಅನ್ನುವುದು ಪ್ರಶ್ನೆ. ದ್ವೀಪದಲ್ಲಿ ತಿರುಗಾಟ, ಒಂದು ದಿನದ ವಿಶೇಷ ಊಟ, ಕಾಫಿ ಜ್ಯೂಸುಗಳ ಪ್ಯಾಕೇಜು, ಕೊನೆಗೆ ಬಡಿಸುವವರ ಟಿಪ್ಸು. ಈಗ ಕಟ್ಟಿದರೆ ಅಗ್ಗ. ಆದರೆ ಕಟ್ಟಿದ ಮೇಲೆ ಹೋಗದೆ ಇದ್ದರೆ ಒಂದು ಕಾಸೂ ವಾಪಸ್ಸು ಬರುವುದಿಲ್ಲ.

"ಎಲ್ಲರದ್ದೂ ಟಿಕ್ ಮಾಡಿದೀನಿ. ನಿಂದೊಂದೇ ಬಾಕಿ. ಅನ್‌ಲಿಮಿಟೆಡ್ ಕಾಫಿ ಹಾಕ್ಲಾ?"

"ಅನ್‌ಲಿಮಿಟೆಡ್ ಅಂದ್ರೆ?"

"ಎಷ್ಟು ಬೇಕಾದ್ರೂ ಕುಡೀಬಹುದು."

"ನಾನು ಕುಡಿಯೋದು ಬೆಳಿಗ್ಗೆ ಒಂದು ಲೋಟ, ಸಾಯಂಕಾಲ ಅರ್ಧ. ಅದಕ್ಕೆ ಯಾಕೇ ಪ್ಯಾಕೇಜು?"

ಸೋಫಾದಲ್ಲಿ ಮಲಗಿದ್ದ ಋತ್ವಿಕ್ ತಲೆ ಎತ್ತಿದ. "ಅಜ್ಜಿ, ಡ್ರಿಂಕ್ಸ್ ಪ್ಯಾಕೇಜ್ ತಗೋ. ನೀನು ಕುಡೀದೇ ಇದ್ರೆ ನಾನಿದೀನಿ."

"ನಿಮ್ಮಮ್ಮನ್ನ ಕರೀಲೇನೋ?"

"ಬೇಡ ಬೇಡ. ಸ್ವಿಮ್ಮಿಂಗ್ ಪೂಲ್ ಫ್ರೀ ಇದೆ, ಅದರಲ್ಲೇ ಬಿದ್ದಿರ್ತೀನಿ."

ಸುತ್ತ ಅಷ್ಟು ದೊಡ್ಡ ಸಮುದ್ರವನ್ನು ಇಟ್ಟುಕೊಂಡು ನಡುವೆ ಒಂದು ನೀರಿನ ತೊಟ್ಟಿ ಯಾಕೆ ಕಟ್ಟಿದ್ದಾರೋ ನನಗಂತೂ ತಿಳಿಯಲಿಲ್ಲ. ಕೇಳಿದರೆ ನಗುತ್ತಾರೆ ಅಂತ ಕೇಳಲೂ ಇಲ್ಲ.

"ನಂದು ಆಮೇಲೆ ನೋಡೋಣ. ನೀವು ನಿಮ್ಮದು ಕಟ್ಟಿ" ಅಂದೆ.

ಮೇಘನಾ ಫೋನನ್ನು ಮಗುಚಿಟ್ಟಳು. "ಮೂರು ವಾರದಿಂದ ಇದೇ ಹೇಳ್ತಾ ಇದೀಯ. ನೀನು ಬರಲ್ಲ ಅಂದ್ರೆ ಯಾರೂ ಹೋಗಲ್ಲ ಅಷ್ಟೇ. ಎಲ್ಲಾ ಕ್ಯಾನ್ಸಲ್ ಮಾಡ್ತೀನಿ." ಹಾಗೆ ಹೇಳಿ ಮಹಡಿಗೆ ಹೋಗಿಬಿಟ್ಟಳು.

ನಾನು ಯಾಕೆ ಹಾಗೆ ಹೇಳುತ್ತಿದ್ದೆ ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಳೆದ ವರ್ಷ ನನ್ನ ಎದೆಯ ರಕ್ತನಾಳಕ್ಕೆ ಒಂದು ಸಣ್ಣ ಸ್ಪ್ರಿಂಗು ಹಾಕಿದ್ದಾರೆ. ಡಾಕ್ಟರು ಧಾರಾಳವಾಗಿ ಹೋಗಿಬನ್ನಿ ಅಂದಿದ್ದಾರೆ ನಿಜ. ಆದರೆ ಈ ವಯಸ್ಸಿನಲ್ಲಿ ಡಿಸೆಂಬರ್ ಅನ್ನುವುದು ಬಹಳ ದೂರದ ಊರು. ಅಲ್ಲಿಗೆ ಈಗಲೇ ದುಡ್ಡು ಕಟ್ಟುವುದೆಂದರೆ ಏನೋ ಸೊಕ್ಕಿನ ಮಾತು ಆಡಿದ ಹಾಗೆ ಅನ್ನಿಸುತ್ತಿತ್ತು. ಮಕ್ಕಳ ದುಡ್ಡು ನನ್ನಿಂದ ನೀರಿಗೆ ಹೋಗಬಾರದು. ಹಾಗಂತ ಅವರ ಪ್ರಯಾಣವೂ ನನ್ನಿಂದ ಕೆಡಬಾರದು. ಎರಡರ ನಡುವೆ ಸಿಕ್ಕಿಕೊಂಡು, ಒರೆಸಿದ ಎಲೆಯನ್ನೇ ಮತ್ತೆ ಒರೆಸುತ್ತಾ ಕೂತೆ.

ಆ ವಾಸನೆ ನನ್ನನ್ನು ಹಿಂದಕ್ಕೆ ಕರೆದುಕೊಂಡು ಹೋಯಿತು. ನಮ್ಮ ಮನೆಗೆ ಒಂದು ಕಾಲದಲ್ಲಿ ವೀಳ್ಯದೆಲೆ ಬರುತ್ತಿದ್ದದ್ದು ಮುಂಗಡದ ಜೊತೆಗೆ.

ಈಗಿಲ್ಲದ ನಮ್ಮ ಯಜಮಾನರು ಮದುವೆಮನೆಗಳ ಅಡುಗೆ ಹಿಡಿಯುತ್ತಿದ್ದರು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಛತ್ರಗಳಲ್ಲಿ ಅವರ ಒಲೆ ಉರಿಯದ ಮದುವೆ ಕಾಲವೇ ಇರಲಿಲ್ಲ. ಅಡುಗೆ ಗೊತ್ತುಮಾಡಲು ಬರುವವರು ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ, ಅದರ ಮೇಲೆ ಒಂದಿಷ್ಟು ಮುಂಗಡ ಇಟ್ಟು ಕೊಡುತ್ತಿದ್ದರು. ಇವರು ಅದನ್ನು ಕಣ್ಣಿಗೆ ಒತ್ತಿಕೊಂಡು ದೇವರ ಗೂಡಿನ ಮುಂದೆ ಇಡುತ್ತಿದ್ದರು. ಅಲ್ಲಿಗೆ ಮಾತು ಮುಗಿಯಿತು. ಆಮೇಲೆ ಮಳೆ ಬರಲಿ, ಜ್ವರ ಬರಲಿ, ಆ ಮನೆಯ ಅಡುಗೆ ಇವರದೇ. ಕಾಗದ, ಸಹಿ ಒಂದೂ ಇಲ್ಲ.

ಉಳಿದ ದುಡ್ಡು ಸಿಗುತ್ತಿದ್ದದ್ದು ಕೊನೆಯ ಪಂಕ್ತಿ ಎದ್ದ ಮೇಲೆ. ಕೊನೆಯ ಪಂಕ್ತಿ ಅಂದರೆ ಬಡಿಸಿದವರು, ಪಾತ್ರೆ ತೊಳೆದವರು ಕೂತು ಉಣ್ಣುವ ಪಂಕ್ತಿ. ಅವರು ಕೈ ತೊಳೆದ ಮೇಲೆ ಇವರು ಹೆಗಲ ಮೇಲಿನ ಟವೆಲಿನಲ್ಲಿ ಮುಖ ಒರೆಸಿಕೊಂಡು ಛತ್ರದ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಕೇಳುತ್ತಿರಲಿಲ್ಲ, ಸುಮ್ಮನೆ ನಿಲ್ಲುತ್ತಿದ್ದರು. ಮೊದಲೇ ಪೂರ್ತಿ ಕೊಟ್ಟುಬಿಡುತ್ತೇವೆ ಅನ್ನುವ ಅನುಕೂಲಸ್ಥರೂ ಬರುತ್ತಿದ್ದರು. ಅವರಿಗೆ ಇವರದು ಒಂದೇ ಉತ್ತರ.

"ಬೇಡಿ ಸ್ವಾಮಿ. ಪೂರ್ತಿ ಕೊಟ್ಟುಬಿಟ್ರೆ ನನ್ನ ಕೈ ನಿದ್ದೆಮಾಡುತ್ತೆ. ಸ್ವಲ್ಪ ನಿಮ್ಮ ಹತ್ರಾನೇ ಇರ್ಲಿ, ಸಾರಿಗೆ ಉಪ್ಪು ಸರಿಯಾಗಿ ಬೀಳುತ್ತೆ."

ಇದನ್ನೆಲ್ಲ ನಾನು ನೋಡಿದವಳಲ್ಲ, ಕೇಳಿಸಿಕೊಂಡವಳು. ತಿಪಟೂರಿನ ಕಡೆಯ ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿ ಬಂದವಳು ನಾನು. ಅಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಲಂಗದ ಅಂಚನ್ನು ತಿರುಚುತ್ತಾ ನಿಲ್ಲುತ್ತಿದ್ದೆ. ಬೆಂಗಳೂರಿಗೆ ಬಂದ ಮೇಲೆ ನಡುಮನೆಯ ಪರದೆಯ ಹಿಂದೆ ನಿಲ್ಲುವುದನ್ನು ಕಲಿತೆ. ಪರದೆ ನೆಲದಿಂದ ಒಂದು ಗೇಣು ಮೇಲಿತ್ತು. ಬಂದವರ ಮುಖ ಕಾಣುತ್ತಿರಲಿಲ್ಲ, ಬಾಗಿಲಲ್ಲಿ ಬಿಟ್ಟ ಚಪ್ಪಲಿ ಮತ್ತು ಪಾದ ಕಾಣುತ್ತಿದ್ದವು. ಪಾದ ನೋಡಿಯೇ ಕಾಫಿಗೆ ಸಕ್ಕರೆ ಎಷ್ಟು ಹಾಕಬೇಕು ಅಂತ ಊಹಿಸುತ್ತಿದ್ದೆ. ಎಷ್ಟೋ ಸಲ ತಪ್ಪಾಗುತ್ತಿತ್ತು.

ಹಾಗೆ ಒಂದು ದಿನ ಬಂದ ಪಾದಗಳು ಊದಿಕೊಂಡಿದ್ದವು. ಚಪ್ಪಲಿಯ ಪಟ್ಟಿ ಒತ್ತಿದ್ದಲ್ಲೆಲ್ಲ ಗುಳಿ ಬಿದ್ದಿತ್ತು. ಮಹಾಲಕ್ಷ್ಮಿ ಲೇಔಟಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ರುದ್ರಪ್ಪನವರು ಅಂತ ಆಮೇಲೆ ತಿಳಿಯಿತು. ಮಗಳು ವೀಣಾಳ ಮದುವೆಗೆ ಅಡುಗೆ ಗೊತ್ತುಮಾಡಲು ಬಂದಿದ್ದರು.

"ಮುಹೂರ್ತ ಯಾವಾಗ ಸಾರ್?" ಇವರು ಕೇಳಿದರು.

"ಗಂಡು ಇನ್ನೂ ಸಿಕ್ಕಿಲ್ಲ."

ಇವರು ತಮಾಷೆ ಅಂದುಕೊಂಡರೇನೋ. "ಊಟಕ್ಕೆ ಮೊದಲು ಗಂಡು ನೋಡೋದು ವಾಡಿಕೆ ಸಾರ್" ಅಂದರು.

"ಗಂಡು ಅವಳ ಅಣ್ಣ ನೋಡ್ತಾನೆ. ಊಟ ನಂದು. ನನಗೆ ಅಷ್ಟು ದಿನ ಇಲ್ಲ ಅಂದಿದಾರೆ. ಕಿಡ್ನಿ. ಮಗಳ ಮದುವೆ ಊಟ ಅಪ್ಪಾನೇ ಹಾಕಿಸಿದ್ದು ಅಂತಾಗ್ಬೇಕು. ಪೂರ್ತಿ ತಂದಿದೀನಿ."

"ಪೂರ್ತಿ ತಗೊಳ್ಳೋ ಪದ್ಧತಿ ಇಲ್ಲ ಸಾರ್ ನನ್ನ ಹತ್ರ. ನಾಳೆ ನನಗೇ ಏನಾದ್ರೂ ಆದ್ರೆ? ರೇಟು ಏರಿದ್ರೆ? ನಿಮ್ಮ ಮಗನ ಹತ್ರ ಕೊಟ್ಟಿಡಿ."

"ಮಗನ ಹತ್ರ ಕೊಟ್ರೆ ಅದು ದುಡ್ಡಾಗಿರುತ್ತೆ. ನಿಮ್ಮ ಹತ್ರ ಕೊಟ್ರೆ ಊಟ ಆಗುತ್ತೆ."

ಇವರು ಒಪ್ಪಲಿಲ್ಲ. ಗಂಟಲು ಸರಿಮಾಡಿಕೊಂಡರು, ಬೇಡ ಅಂದರು, ಮತ್ತೊಮ್ಮೆ ಬೇಡ ಅಂದರು. ಊದಿದ ಪಾದಗಳು ಎದ್ದು ಬಾಗಿಲ ಕಡೆ ನಡೆದವು. ಬಲಗಾಲು ಚಪ್ಪಲಿಯೊಳಗೆ ಹೋಗಲಿಲ್ಲ. ಗೋಡೆ ಹಿಡಿದುಕೊಂಡಿದ್ದರೇನೋ, ಒಂದು ಸಲ ಒತ್ತಿದರು, ಮತ್ತೆ ಒತ್ತಿದರು. ಅದನ್ನು ನೋಡುತ್ತಾ ನಿಂತಿದ್ದ ನನ್ನ ಬಾಯಿಂದ ಒಂದು ಮಾತು ಹೊರಟುಹೋಯಿತು.

"ತಗೊಳ್ಳಿ."

ಪರಗಂಡಸರು ಕೂತಿದ್ದಾಗ ನಾನು ಅಲ್ಲಿಯವರೆಗೆ ದನಿ ಎತ್ತಿದವಳಲ್ಲ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಇವರು ಪರದೆಯ ಕಡೆ ತಿರುಗಿದ್ದು ಹಿಮ್ಮಡಿ ಹೊರಳಿದ್ದರಿಂದ ತಿಳಿಯಿತು. ಆಮೇಲೆ ತಟ್ಟೆಯ ಸದ್ದು ಕೇಳಿಸಿತು. ದೇವರ ಗೂಡಿನ ಮುಂದೆ ಆವತ್ತು ಎಲೆಯ ಕವಳಿಗೆ ದೊಡ್ಡದಿತ್ತು. ಇವರು ಅದರ ಬಗ್ಗೆ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಕಾಫಿಗೆ ಸಕ್ಕರೆ ಸಾಲದು ಅಂದರು, ಅಷ್ಟೆ.

ರುದ್ರಪ್ಪನವರು ಮುಂದಿನ ಶಿವರಾತ್ರಿಯನ್ನು ನೋಡಲಿಲ್ಲ. ವೀಣಾಳಿಗೆ ಗಂಡು ಕೂಡಿಬಂದದ್ದು ಅದಾದ ಎಷ್ಟೋ ಕಾಲದ ಮೇಲೆ. ಅಷ್ಟರಲ್ಲಿ ಬೇಳೆ, ಬೆಲ್ಲ, ತುಪ್ಪ ಎಲ್ಲದರ ಬೆಲೆಯೂ ಏರಿತ್ತು. ವೀಣಾಳ ಅಣ್ಣ ಬಂದು ಕೇಳಿದಾಗ ಇವರು, "ನಿಮ್ಮ ತಂದೆಯವರ ಲೆಕ್ಕ ಮುಗಿದಿದೆ. ಹೊಸ ಲೆಕ್ಕ ಬೇಡ" ಅಂದು ಕಳಿಸಿದರು. ಆ ಸಲ ಹೋಳಿಗೆಯ ಹೂರಣವನ್ನು ಇವರೇ ಕೂತು ರುಬ್ಬಿಸಿದರಂತೆ. ಪೂರ್ತಿ ದುಡ್ಡು ಮೊದಲೇ ಬಂದರೆ ಕೈ ನಿದ್ದೆಮಾಡುತ್ತದೆ ಅನ್ನುತ್ತಿದ್ದವರ ಕೈ ಆವತ್ತು ಒಂದು ಗಳಿಗೆಯೂ ಸುಮ್ಮನಿರಲಿಲ್ಲವಂತೆ. ಜೊತೆಯ ಹುಡುಗರು ಬಂದು ನನ್ನ ಹತ್ತಿರ ದೂರು ಹೇಳಿದರು.

ಕೊನೆಯ ಪಂಕ್ತಿ ಎದ್ದಿತು. ಇವರು ಅಭ್ಯಾಸದಂತೆ ಟವೆಲಿನಲ್ಲಿ ಮುಖ ಒರೆಸಿಕೊಂಡು ಬಾಗಿಲ ಹತ್ತಿರ ಹೋಗಿ ನಿಂತರು. ನಿಂತ ಮೇಲೆ ನೆನಪಾಯಿತು, ಇವತ್ತು ಇಸಿದುಕೊಳ್ಳುವುದು ಏನೂ ಇಲ್ಲ ಅಂತ. ಹೊರಡಬೇಕು ಅನ್ನುವಷ್ಟರಲ್ಲಿ ಮದುವಣಗಿತ್ತಿ ಸೀರೆಯ ನೆರಿಗೆ ಎತ್ತಿಕೊಂಡು ಇವರ ಹತ್ತಿರವೇ ಬಂದಳಂತೆ.

"ಅಪ್ಪ ಇದ್ದಿದ್ರೆ ಕೇಳ್ತಿದ್ರು. ನೀವು ಊಟ ಮಾಡಿದ್ರಾ?"

ಇವರು ಮನೆಗೆ ಬಂದು, ಕಾಲು ತೊಳೆದುಕೊಳ್ಳುತ್ತಾ, ನನ್ನ ಕಡೆ ನೋಡದೆ ಇಷ್ಟನ್ನು ಹೇಳಿದರು. "ಇಷ್ಟು ವರ್ಷದಲ್ಲಿ ಎಲ್ರೂ ದುಡ್ಡು ಕೊಟ್ಟಿದಾರೆ ಕಣೇ, ಇದನ್ನ ಯಾರೂ ಕೇಳಿರಲಿಲ್ಲ" ಅಂದರು. ಸ್ವಲ್ಪ ಹೊತ್ತಿನ ಮೇಲೆ, "ಆವತ್ತು ನೀನು ಬಾಯಿ ಬಿಡದೇ ಇದ್ದಿದ್ರೆ" ಅಂತ ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. ನಾನು ನೀರಿನ ಚೊಂಬು ಹಿಡಿದುಕೊಂಡು ಒಳಗೆ ಹೋದೆ.

ಮೆಟ್ರೋ ರೈಲು ಹೋದ ಸದ್ದಿಗೆ ಕಿಟಕಿಯ ಗಾಜು ಸಣ್ಣಗೆ ನಡುಗಿತು. ಮೇಜಿನ ಮೇಲೆ ಎಲೆಗಳು ಒಣಗುತ್ತಿದ್ದವು. ಮುಂಗಡ ಕೊಟ್ಟರೆ ಬದುಕಿರುತ್ತೇನೆ ಅಂತ ಹಟ ಹಿಡಿದ ಹಾಗೆ ಅಂದುಕೊಂಡಿದ್ದೆನಲ್ಲ, ರುದ್ರಪ್ಪನವರು ಹಟ ಹಿಡಿಯಲಿಲ್ಲ. ಇರುವುದಿಲ್ಲ ಅಂತ ಗೊತ್ತಿದ್ದೇ ಕೊಟ್ಟರು. ಅವರ ದುಡ್ಡು ನೀರಿಗೆ ಹೋಗಲಿಲ್ಲ, ಜನ ಎಲೆ ಬಳಿದು ಉಂಡರು. ಆವತ್ತು ಆ ಮನುಷ್ಯನ ಪರವಾಗಿ ತಗೊಳ್ಳಿ ಅಂದವಳು ನಾನೇ. ಈಗ ಕೊಡುವ ಸರದಿ ಬಂದಾಗ ಪರದೆಯ ಹಿಂದೆ ನಿಂತಿದ್ದವಳೂ ನಾನೇ.

ಬ್ಯಾಂಕಿನಿಂದ ತರಿಸಿಟ್ಟಿದ್ದ ನನ್ನ ಬಡ್ಡಿ ಹಣ ಬೀರುವಿನಲ್ಲಿತ್ತು. ತೆಗೆದು ಒಂದು ತಟ್ಟೆಯಲ್ಲಿಟ್ಟೆ. ಒರೆಸಿದ ಎಲೆ ಇಟ್ಟೆ, ಅಡಿಕೆ ಇಟ್ಟೆ. ತೆಂಗಿನಕಾಯಿ ಇರಲಿಲ್ಲ, ಬಾಳೆಹಣ್ಣು ಇಟ್ಟೆ. ಮಹಡಿಯಲ್ಲಿದ್ದ ಮೇಘನಾಳನ್ನು ಕೂಗಿ ಕರೆದೆ.

ಅವಳು ಇಳಿದುಬಂದವಳು ತಟ್ಟೆ ನೋಡಿ ಗಾಬರಿಯಾದಳು. "ಏನಜ್ಜಿ ಇದು, ನನ್ನ ಮದುವೆ ಫಿಕ್ಸ್ ಮಾಡ್ಬಿಟ್ಯಾ?"

"ಹಡಗಿನ ಊಟಕ್ಕೆ ಮುಂಗಡ. ಎಲ್ಲರ ಊಟಾನೂ ನಂದೇ. ಅದೇನು ತಿರುಗಾಟ ಇದೆಯೋ ಅದೂ ಕಟ್ಟು. ಕಾಫಿ ಪ್ಯಾಕೇಜು ಮಾತ್ರ ಬೇಡ, ಅದು ದುಂದು."

"ಅಜ್ಜಿ, ನೀನ್ಯಾಕೆ ಕೊಡ್ತೀಯ?"

"ಕೇಳಿಲ್ಲಿ. ಡಿಸೆಂಬರಿನಲ್ಲಿ ನಾನಿಲ್ಲದೇ ಹೋದ್ರೂ ನೀವು ಹೋಗ್ಬೇಕು. ಹೋಗಿ ಊಟ ಮಾಡ್ಬೇಕು."

ಮನೆಯಲ್ಲಿ ಅಷ್ಟು ದಿನ ಯಾರೂ ಆಡದೆ ಇದ್ದ ಮಾತು ಹಾಗೆ ಹೊರಗೆ ಬಂತು. ಋತ್ವಿಕ್ ಸೋಫಾದಿಂದ ಎದ್ದು ಕೂತ. ಮೇಘನಾಳ ಕಣ್ಣು ತುಂಬಿಕೊಂಡಿತು. "ಹಂಗೆಲ್ಲಾ ಮಾತಾಡ್ಬೇಡ. ಸುಮ್ನಿರು" ಅಂತ ಸಿಟ್ಟಿನಲ್ಲೇ ಅಂದಳು.

"ಬರ್ತೀನಿ ಕಣೇ. ಬರೋ ಆಸೆ ಇದೆ ಅಂತಾನೇ ಕೊಡ್ತಾ ಇದೀನಿ." ಆಸೆ ಇದೆ ಅನ್ನುವಾಗ ನನ್ನ ಕಿವಿ ಬಿಸಿಯಾಯಿತು. ಈ ವಯಸ್ಸಿನಲ್ಲೂ.

ಅವಳು ತಟ್ಟೆಯನ್ನು ಎರಡು ಕೈಯಲ್ಲೂ ತೆಗೆದುಕೊಂಡಳು. ಯಾರೂ ಹೇಳಿಕೊಡದಿದ್ದರೂ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಫೋನು ಹಿಡಿದು ಚೌಕಗಳನ್ನು ಒಂದೊಂದಾಗಿ ಒತ್ತುತ್ತಾ ಹೋದಳು. ಕೊನೆಯದರ ಹತ್ತಿರ ನಿಂತಳು. "ಟಿಪ್ಸೂ ಈಗ್ಲೇ ಕಟ್ಬಹುದು ಅಜ್ಜಿ. ಅಲ್ಲಿ ತಲೆನೋವಿರಲ್ಲ."

"ಅದೊಂದನ್ನ ಬಿಟ್ಬಿಡು."

"ಯಾಕೆ? ಅದೂ ಸೇರಿದ್ರೆ ಫುಲ್ ಫ್ರೀ ಆಗಿರ್ತೀವಲ್ಲ."

"ಬಡಿಸಿದವರ ಕೈಗೆ ನಾನೇ ಕೊಡ್ತೀನಿ. ಕೊನೇ ದಿನ."

"ನೀನಾ? ವಾಚ್‌ಮನ್ ಹತ್ರ ಮಾತಾಡಕ್ಕೇ ನಮ್ಮನ್ನ ಕಳಿಸ್ತೀಯ" ಅಂತ ಋತ್ವಿಕ್ ನಕ್ಕ. ಆದರೂ ಅಕ್ಕನ ಭುಜದ ಮೇಲಿಂದ ಬಗ್ಗಿ ಆ ಚೌಕದ ಗುರುತನ್ನು ತಾನೇ ತೆಗೆದ.

ಆವತ್ತಿನಿಂದ ನನಗೆ ಒಂದು ಹೊಸ ಭಯ ಶುರುವಾಗಿದೆ. ಡಿಸೆಂಬರಿಗೆ ನಾನು ಇರುತ್ತೇನೋ ಇಲ್ಲವೋ ಅನ್ನುವ ಭಯ ಹಿಂದಕ್ಕೆ ಸರಿದು, ಇದ್ದೇಬಿಟ್ಟರೆ ಬಡಿಸಿದವರ ಎದುರು ವೀಣಾ ಆಡಿದ ಆ ಮಾತನ್ನು ಹೇಗೆ ಆಡುವುದು ಅನ್ನುವ ಭಯ ಮುಂದೆ ಬಂದು ನಿಂತಿದೆ. ಬಡಿಸುವವರು ಯಾವ ದೇಶದವರೋ, ಕನ್ನಡ ಎಲ್ಲಿಂದ ಬರಬೇಕು. ಇಂಗ್ಲಿಷಿನಲ್ಲಿ ಹೇಗೆ ಕೇಳುವುದು ಅಂತ ಋತ್ವಿಕ್‌ನಿಂದ ಹೇಳಿಸಿಕೊಂಡಿದ್ದೇನೆ. ಇವತ್ತು ಬೆಳಿಗ್ಗೆಯೂ ಎಲೆ ಒರೆಸುತ್ತಾ, ಮನೆಯಲ್ಲಿ ಯಾರೂ ಇಲ್ಲದ್ದನ್ನು ನೋಡಿಕೊಂಡು, ಗಟ್ಟಿಯಾಗಿಯೇ ಹೇಳಿ ನೋಡಿದೆ.

"ಹ್ಯಾವ್ ಯು ಈಟನ್?"